ಕೈಗಿ ಎಣ್ಣಿ ಹತ್ತಂಗಿಲ್ಲ

ಜೇವರ್ಗಿ ತಾಲೂಕಿನ ನಮ್ಮ ಕೊಳಕೂರಿನಲ್ಲಿ ಒಣ ತಲೆಯಲ್ಲಿ ಹೊರಗೆ ಬಂದವನನ್ನು ಜನ ಸುಮ್ಮನೆ ಹೋಗಗೊಡುವುದಿಲ್ಲ. 'ಯಾಕೋ ತಮ್ಮಾ, ಆರಾಮಿಲ್ಲೇನು?' ಎನ್ನುತ್ತಾರೆ. ಆರಾಮಾಗಿದ್ದೇನೆ ಅಂದರೆ, 'ಮತ್ತ ಮನ್ಯಾಗೇನರ ಜಗಳಾ ಆಗ್ಯಾದೇನು?' ಎಂದು ದನಿ ತಗ್ಗಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಸೀಮೆ ಇದು. ಎಣ್ಣೆ ಕಾಣದ ನೆತ್ತಿ ಅಂದರೆ ನಮ್ಮ ಕಾಕಾನ ಪ್ರಕಾರ ಪತ್ರಾಸ ಹಾರಿಹೋದ ಮನೆ.

ಇಂಥ ಊರಿಗೆ ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಎಣ್ಣೆ ಹಚ್ಚುವ ಯಂತ್ರ ಕಳಿಸಿದಳು. ಯಂತ್ರ ಅನ್ನುವುದು ದೊಡ್ಡ ಮಾತಾಯಿತು. ಅಂಗೈಯಲ್ಲಿ ಕೂಡುವ ಪ್ಲಾಸ್ಟಿಕ್ ಬುಡ್ಡಿ, ಅದರ ಹೊಟ್ಟೆಯ ಕೆಳಗೆ ಮೆತ್ತನೆಯ ಟೊಳ್ಳು ಹಲ್ಲುಗಳು, ಹಲ್ಲಿನ ತುದಿಗೆ ಸೂಜಿ ಆಡುವಷ್ಟು ತೂತು, ಬೆನ್ನ ಮೇಲೊಂದು ಗುಂಡಿ. ಎಣ್ಣೆ ತುಂಬಿ, ಹಲ್ಲನ್ನು ತಲೆಗೆ ಊರಿ ಗುಂಡಿ ಒತ್ತಿದರೆ ಹನಿಹನಿಯಾಗಿ ಕೂದಲ ಬುಡಕ್ಕೇ ಇಳಿಯುತ್ತದೆ. ಕೊರಿಯರಿನ ಹುಡುಗ ಊರಿಗೆ ಬರಲು ಒಪ್ಪಲಿಲ್ಲ. 'ಜೇವರ್ಗಿಗಿ ಬಂದು ತಗೊಂಡು ಹೋಗ್ರಿ' ಎಂದ. ತಂದೆ. ಬರುವಾಗ ಟಂಟಂನಲ್ಲಿ ಆ ಡಬ್ಬಿ ಕೈಯಿಂದ ಕೈಗೆ ಹೋಗಿ, ಓದು ಬಂದವರೆಲ್ಲ ಓದಿ, ಬಾರದವರೆಲ್ಲ ಅಲ್ಲಾಡಿಸಿ ನೋಡಿ, ಇಳಿಯುವ ಹೊತ್ತಿಗೆ ನನ್ನದೆಂಬ ಗುರುತೇ ಉಳಿದಿರಲಿಲ್ಲ.

ಡಬ್ಬಿಯ ನಾಲ್ಕೂ ಮಗ್ಗುಲಿಗೆ ಬರಹವೋ ಬರಹ. ರಕ್ತ ಸರಾಗವಾಗಿ ಓಡುತ್ತದೆ, ಚಿಂತೆ ಓಡಿಹೋಗುತ್ತದೆ, ನಿದ್ದೆ ಓಡಿಬರುತ್ತದೆ. ತಲೆಯ ಸಾಮಾನಿನ ಮೇಲೆ ಬರೆಯುವ ಚಟ ಬಹಳ ಹಳೆಯದು. ಇಸ್ರೇಲಿನ ಲಾಖೀಶ್ ಎಂಬಲ್ಲಿ 2016ರಲ್ಲಿ ಆನೆದಂತದ ಒಂದು ಪುಟ್ಟ ಹಣಿಗೆ ಸಿಕ್ಕಿತು, ಕ್ರಿಸ್ತಪೂರ್ವ 1700ರ ಸುಮಾರಿನದು. ಸಿಕ್ಕು ಬಿಡಿಸಲು ಒಂದು ಕಡೆ 6 ದಪ್ಪ ಹಲ್ಲು, ಹೇನು ತೆಗೆಯಲು ಇನ್ನೊಂದು ಕಡೆ 14 ಸಣ್ಣ ಹಲ್ಲು, ಥೇಟ್ ನಮ್ಮ ಸೀರಣಿಗೆ. ಅದರ ಮೇಲೆ ಗೀಚಿದ್ದ ಅಕ್ಷರಗಳನ್ನು ಓದಿ 2022ರಲ್ಲಿ ಪ್ರಕಟಿಸಿದರು. ಒಟ್ಟು 17 ಅಕ್ಷರ, 7 ಶಬ್ದ. ತಲೆಯದೂ ಗಡ್ಡದ್ದೂ ಹೇನು ಹೋಗಲಿ ಎಂಬುದಷ್ಟೇ ಅದರ ತಾತ್ಪರ್ಯ. ಕನಾನಿನ ಲಿಪಿಯಲ್ಲಿ ಸಿಕ್ಕ ಮೊದಲ ಪೂರ್ಣ ವಾಕ್ಯ ಇದೇ ಅಂತೆ. ರಾಜನ ಹೆಸರಿಲ್ಲ, ದೇವರ ಸ್ತುತಿಯಿಲ್ಲ, ಇರುವುದು ಹೇನು. ಮೂರೂವರೆ ಸಾವಿರ ವರ್ಷ ದಾಟಿದ ಮೇಲೂ ಆ ಮಾತಿನ ಬಗ್ಗೆ ಯಾರ ತಕರಾರೂ ಇಲ್ಲ. ನನ್ನ ಡಬ್ಬಿಯ ಮೇಲಿನ ಮಾತುಗಳಿಗೆ ತಕರಾರು ಟಂಟಂನಲ್ಲೇ ಶುರುವಾಗಿತ್ತು.

ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರೆದದ್ದು, ಕೈಗೆ ಎಣ್ಣೆ ಹತ್ತುವುದಿಲ್ಲ ಎಂದು. ಅದನ್ನು ಓದಿ ಹೇಳಿದಾಗ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಟ್ಟು ಕೇಳಿದಳು: 'ಕೈಗಿ ಹತ್ತಲಿಲ್ಲಂದ್ರ ಕೈ ಏನ್ ಮಾಡ್ಬೇಕೋ?'

ಆ ಪ್ರಶ್ನೆಗೆ ಡಬ್ಬಿಯ ಮೇಲೆ ಉತ್ತರವಿರಲಿಲ್ಲ.

ಇಂಥ ಹಲ್ಲಿನ ಸಾಮಾನು ಈಗ ಎಲ್ಲ ಕಡೆ ಇದೆ. ಕೇರಳದ ಇಂದುಲೇಖಾ ಎಣ್ಣೆಯ ಸೀಸೆಗೆ ಹಣಿಗೆಯೇ ಬಾಯಿ. ಆ ಹೆಸರನ್ನು 2015ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಯೂನಿಲಿವರ್ ಕಂಪನಿ 330 ಕೋಟಿ ರೂಪಾಯಿಗೆ ಕೊಳ್ಳುವ ಮಾತಾಯಿತು. ಇದನ್ನು ಹೇಳಿದ್ದಕ್ಕೆ ಕಾಕಾ ಬಹಳ ಹೊತ್ತು ಸುಮ್ಮನೆ ಕೂತ. 'ತಲಿಗಿ ಹಚ್ಚೋ ಎಣ್ಣಿಗಿ ಮುನ್ನೂರಾ ಮೂವತ್ತು ಕೋಟಿ ಕೊಡೋರು ಅದಾರಂದ್ರ, ನಮ್ಮ ತೊಗರಿಗ್ಯಾಕ ರೇಟ್ ಇಲ್ಲೋ?' ಎಂದ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ ಕಾಕಾ ಎಂದೆ. 'ಅದನ್ನ ಬ್ಯಾಂಕಿನವರು ತಗೋತಾರೇನು?' ಎಂದು ಕೇಳಿ ಎದ್ದು ಹೋದ.

ಯಂತ್ರದ ಮೊದಲ ಪ್ರಯೋಗ ನನ್ನ ತಲೆಯ ಮೇಲೆಯೇ ಆಯಿತು. ನನ್ನ ಕೂದಲು ಈಚೆಗೆ ಹಣೆಯಿಂದ ಹಿಂದೆ ಸರಿದು ಕಿವಿಗಳ ಆಸರೆಯಲ್ಲಿ ನಿಂತಿದೆ. ಯಂತ್ರಕ್ಕೆ ಅಡ್ಡಿ ಆತಂಕ ಏನೂ ಇರಲಿಲ್ಲ. ಗುಂಡಿ ಒತ್ತಿದ್ದೇ ತಡ, ಎಣ್ಣೆ ನೆತ್ತಿಯ ಮೇಲೆ ನಿಲ್ಲದೆ ಹುಬ್ಬು ದಾಟಿ ಮೂಗಿನ ತುದಿಗೆ ಬಂದು ತೂಗಾಡಿತು. ಕೈಗೆ ಮಾತ್ರ ಹತ್ತಲಿಲ್ಲ. ಕಂಪನಿಯವರು ಸುಳ್ಳು ಹೇಳಿದರು ಅನ್ನುವಂತಿಲ್ಲ.

ಅವ್ವನ ನಂಬಿಕೆ ಔಡಲ ಎಣ್ಣೆಯ ಮೇಲೆ. ತಲೆಗೆ ತಂಪು, ಕಣ್ಣಿಗೆ ತಂಪು, ಸಿಟ್ಟಿಗೂ ತಂಪು. ಔಡಲ ಎಣ್ಣೆ ಶೇಂಗಾ, ಕುಸುಬಿ ಎಣ್ಣೆಗಿಂತ ಹಲವು ಪಟ್ಟು ಮಂದ. ಅದನ್ನು ಬುಡ್ಡಿಯಲ್ಲಿ ತುಂಬಿ ಗುಂಡಿ ಒತ್ತಿದರೆ ಹಲ್ಲಿನ ತುದಿಗೆ ಒಂದು ಹನಿ ಬಂದು, ಇಳಿಯಲೋ ಬೇಡವೋ ಎಂದು ಯೋಚನೆ ಮಾಡುತ್ತಿತ್ತು. ಅಷ್ಟರಲ್ಲಿ ಅವ್ವ ಅಂಗೈಯಲ್ಲಿ ಸುರುವಿಕೊಂಡು ಮನೆಯ ಎಲ್ಲ ನೆತ್ತಿಗಳನ್ನೂ ತಟ್ಟಿ ಮುಗಿಸಿದ್ದಳು.

ನಿಜವಾದ ಪರೀಕ್ಷೆ ನಡೆದದ್ದು ದೀಪಾವಳಿಯಲ್ಲಿ. ನರಕ ಚತುರ್ದಶಿಯ ನಸುಕಿನಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಟಾವೆಲ್ ಸುತ್ತಿಕೊಂಡ ಗಂಡಸರು, ಹುಡುಗರು ಹಿರಿತನದ ಪ್ರಕಾರ ಸಾಲಾಗಿ ಮಣೆಯ ಮೇಲೆ ಕೂತಿದ್ದರು. ಹಬ್ಬಕ್ಕೆ ಬಂದಿದ್ದ ಸೊಸೆ, ಅಂದರೆ ಯಂತ್ರ ಕಳಿಸಿದ ತಂಗಿಯ ಮಗಳು, 'ಆಯೀ, ಈ ವರ್ಷ ನಾ ಹಚ್ತೀನಿ, ನೀ ಕೂಡು' ಎಂದು ಯಂತ್ರ ಹಿಡಿದು ಬಂದಳು. ಒತ್ತಿದಳು. ಜಾಡಿಸಿದಳು. ಮತ್ತೆ ಒತ್ತಿದಳು. ಈ ಸಲ ತುಂಬಿದ್ದ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವ ಪದಾರ್ಥ. ಅಟ್ಟದ ಮೇಲೆ ರಾತ್ರಿಯೆಲ್ಲ ಕಳೆದು ಬಂದ ಯಂತ್ರದ ಹಲ್ಲುಹಲ್ಲಿನಲ್ಲೂ ಬೆಳ್ಳಗೆ ಹೆಪ್ಪುಗಟ್ಟಿತ್ತು. 'ಮಾಮಾ, ಇದನ್ನ ಸ್ವಲ್ಪ ಬಿಸಿಲಿಗಿ ಇಡ್ರಿ' ಎಂದಳು. ಬೆಳಗಿನ ನಾಲ್ಕೂವರೆಗೆ ಬಿಸಿಲು ಎಲ್ಲಿಂದ ತರಲಿ? ಒಲೆಯ ಹತ್ತಿರ ಹಿಡಿದರೆ ಪ್ಲಾಸ್ಟಿಕ್ ಎಣ್ಣೆಗಿಂತ ಮೊದಲು ಕರಗುವ ಲಕ್ಷಣ ತೋರಿಸಿತು. ಬರಿಮೈಯಲ್ಲಿ ಕೂತವರು ನಡುಗುತ್ತ ಯಂತ್ರಕ್ಕೂ ಪುಣೆಗೂ ಕೂಡಿಯೇ ಮಂಗಳಾರತಿ ಎತ್ತಿದರು.

ಅವ್ವ ಬಟ್ಟಲಿನಿಂದ ಗಟ್ಟಿ ಎಣ್ಣೆಯನ್ನು ಉಗುರಿನಲ್ಲಿ ಕೆತ್ತಿ ಅಂಗೈಗೆ ಹಾಕಿಕೊಂಡು ಎರಡು ಸಲ ತಿಕ್ಕಿದಳು. ಕರಗಿತು. ಮೈಯ ಬಿಸಿ 37 ಡಿಗ್ರಿ. ಕೊಬ್ಬರಿ ಎಣ್ಣೆಗೆ ಅದಕ್ಕಿಂತ ಹೆಚ್ಚಿನ ಒಲೆ ಬೇಡ. ಇಷ್ಟು ಸಣ್ಣ ವಿಷಯ ಆ ಯಂತ್ರ ಮಾಡಿದವರಿಗೆ ಹೊಳೆಯಲಿಲ್ಲವಲ್ಲ! ಅವರ ಊರಲ್ಲಿ ಚಳಿ ಇಲ್ಲವೋ, ದೀಪಾವಳಿ ಇಲ್ಲವೋ.

ಸೊಸೆ ಸೋಲೊಪ್ಪುವ ಪೈಕಿ ಅಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು ಪ್ರೋಟೀನು ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಶಕ್ತಿ ಇಲ್ಲ ಎಂದು 2003ರಲ್ಲಿ ಸಂಶೋಧನೆ ಪ್ರಕಟವಾಗಿದೆ, ಹಾಗಾಗಿ ಎಣ್ಣೆ ಬುಡಕ್ಕೆ ಮುಟ್ಟುವುದು ಮುಖ್ಯ ಎಂದು ವಾದ ಹೂಡಿದಳು. ಸಂಶೋಧನೆ ನಿಜವೇ, ಅದನ್ನು ಮಾಡಿದವರು ಪ್ಯಾರಾಚೂಟ್ ಎಣ್ಣೆ ಮಾರುವ ಮಾರಿಕೋ ಕಂಪನಿಯ ವಿಜ್ಞಾನಿಗಳು ಎಂಬುದೂ ನಿಜವೇ. 'ಹೆತ್ತವ್ರಿಗಿ ಹೆಗ್ಗಣ ಮುದ್ದವ್ವಾ' ಎಂದು ಕಾಕಾ ನಡುಗುತ್ತಲೇ ಹೇಳಿದ. ಆದರೆ ಸಂಶೋಧಕರೂ ಹೇಳಿದ್ದು ಇರುವ ಕೂದಲಿನ ಮಾತು. ಹೋದ ಕೂದಲು ತಿರುಗಿ ಬಂತು ಎಂದು ಅವರೂ ಬರೆದಿಲ್ಲ. ನನ್ನ ತಲೆ ನೋಡಿದವರಿಗೆ ಬೇರೆ ಪುರಾವೆ ಬೇಕಿಲ್ಲ.

ಅವ್ವನ ಪ್ರಶ್ನೆಗೆ ಉತ್ತರ ಆ ದಿನವೇ ಕಣ್ಣಿಗೆ ಬಿತ್ತು. ತಲೆಗೆ ಹಚ್ಚುವುದು ಅವಳ ಕೈಗೆ ಮೊದಲ ಕೆಲಸ ಮಾತ್ರ. ಉಳಿದ ಎಣ್ಣೆ ಮೊಮ್ಮಕ್ಕಳ ಬಿರಿದ ಗಲ್ಲಕ್ಕೆ ಹೋಯಿತು. ಅಲ್ಲಿಂದ ತನ್ನ ಮೊಣಕೈಗೆ, ಮೊಣಕೈಯಿಂದ ಒಡೆದ ಹಿಮ್ಮಡಿಗೆ. ಆಮೇಲೆ ಅಡಕತ್ತರಿಯ ಕೀಲಿಗೆ, ಬಚ್ಚಲ ಬಾಗಿಲ ಚಿಲಕಕ್ಕೆ. ಇಷ್ಟಾದರೂ ಬೆರಳ ಸಂದಿಯಲ್ಲಿ ಉಳಿದದ್ದನ್ನು ಎದುರಿಗೆ ಸಿಕ್ಕ ಹುಡುಗನ ಮೋತಿಗೆ ಒರೆಸಿ, 'ಎಷ್ಟ ಬೆಳ್ಳಗ ಕಾಣ್ತದ ನೋಡು' ಎಂದಳು. ಒಂದು ಚಮಚ ಎಣ್ಣೆಗೆ ಇಷ್ಟೊಂದು ನೌಕರಿ! ಕೈಗೆ ಎಣ್ಣೆ ಹತ್ತಗೊಡದ ಸೊಸೆಯ ಚೀಲದಲ್ಲಿ ಕೈಗೊಂದು ಕ್ರೀಮು, ಹಿಮ್ಮಡಿಗೊಂದು, ತುಟಿಗೊಂದು, ಹೀಗೆ ಟ್ಯೂಬುಗಳ ಸಂತೆ. ಎಣ್ಣೆಯನ್ನು ಕೈಯಿಂದ ಬಿಡಿಸಿದ ಪೇಟೆಯೇ ಅದನ್ನು ಬೇರೆ ಬೇರೆ ಟ್ಯೂಬಿನಲ್ಲಿ ಹಾಕಿ ಕೈಗೆ ಮಾರುತ್ತದೆ. ಲೆಕ್ಕ ಹಾಕಿದರೆ ಅಂಗೈ ಅಗ್ಗ.

ಯಂತ್ರ ಕೆಲಸಕ್ಕೆ ಬಾರದೆ ಹೋಯಿತು ಎಂದು ಮಾತ್ರ ತಿಳಿಯಬೇಡಿ. ಬಿತ್ತಿಗೆ ಮುಗಿಸಿ ಬಂದ ಕಾಕಾನ ಎತ್ತಿನ ಹೆಗಲು ನೊಗ ತಿಕ್ಕಿ ಒರಟಾಗಿತ್ತು. ಕಾರಹುಣ್ಣಿಮೆಗೆ ಕೋಡಿಗೆ ಎಣ್ಣೆ ಸವರುವ ಕಾಕಾನಿಗೆ ಏನು ಹೊಳೆಯಿತೋ, ಅಟ್ಟದಿಂದ ಯಂತ್ರ ಇಳಿಸಿ, ಶೇಂಗಾ ಎಣ್ಣೆ ತುಂಬಿ, ಎತ್ತಿನ ಹೆಗಲ ಮೇಲೆ ಆಡಿಸಿದ. ಎತ್ತು ಮೇವು ಬಿಟ್ಟು, ಕತ್ತು ಚಾಚಿ ಕಣ್ಣು ಮುಚ್ಚಿತು. ರಕ್ತ ಓಡಿತೋ ಇಲ್ಲವೋ ಗೊತ್ತಿಲ್ಲ, ಚಿಂತೆ ಓಡಿದ್ದಂತೂ ಎದ್ದು ಕಾಣುತ್ತಿತ್ತು. ಡಬ್ಬಿಯ ಮೇಲಿನ ಮಾತನ್ನು ಊರಲ್ಲಿ ಮೊದಲು ನಂಬಿದ ಪ್ರಾಣಿ ಅದು. ಈಗ ಯಂತ್ರ ಕೊಟ್ಟಿಗೆಯ ಗೂಟಕ್ಕೆ ತೂಗುತ್ತಿದೆ. ಕಾಕಾನ ಕೈಗೂ ಎಣ್ಣೆ ಹತ್ತುವುದಿಲ್ಲ, ನೇರ ಬೀಡಿ ಸೇದಬಹುದು.

ತರಿಸುವ ಮನಸ್ಸಿದ್ದವರು ಶಿವರಾತ್ರಿ ಕಳೆದ ಮೇಲೆ ತರಿಸಿರಿ, ಔಡಲ ಎಣ್ಣೆ ಹಾಕಬೇಡಿರಿ. ತಲೆಗಾದರೆ ಒಂದು ಸಾಕು. ಎತ್ತಿಗಾದರೆ ಎರಡು ತರಿಸಿರಿ: ಒಂದರ ಹೆಗಲಿಗೆ ಆಡಿಸಿ ಇನ್ನೊಂದನ್ನು ಕಾಯಿಸಿದರೆ ಅದು ಮರುದಿನ ನೊಗಕ್ಕೆ ಕತ್ತು ಕೊಡುವುದಿಲ್ಲ.