ಆದಿಪರ್ವದ ಅಭಿಮಾನಿ

ವೈಜ್ಞಾನಿಕ ಕಲ್ಪನೆಯ ಟಿ.ವಿ. ಧಾರಾವಾಹಿಯೊಂದು ಒಂದೆರಡು ತಲೆಮಾರು ಬಾಳಿತೆಂದರೆ ಅದರ ಭಕ್ತರಲ್ಲಿ ಒಂದು ಮಡಿವಂತ ಪಂಗಡ ಹುಟ್ಟಿಕೊಳ್ಳುತ್ತದೆ. ಇವರು ಆದಿಪರ್ವದ ಅಭಿಮಾನಿಗಳು. ಪರ್ವಗಳು ಹದಿನೆಂಟಿದ್ದರೂ ಇವರ ಪಾರಾಯಣ ಮೊದಲನೆಯದಕ್ಕೇ ನಿಲ್ಲುತ್ತದೆ. ಮುಂದಿನವನ್ನು ತಿರುವಿ ಹಾಕಿದರೂ ಅವು ಎಷ್ಟು ಕೆಟ್ಟಿವೆಯೆಂದು ಖಚಿತಪಡಿಸಿಕೊಳ್ಳಲು ಮಾತ್ರ. ಸರ್ವಲಕ್ಷಣಸಂಪನ್ನ ಮಾದರಿ ಬೇಕೆಂದರೆ ಬ್ರಿಟನ್ನಿನಲ್ಲಿ, ಬಿಬಿಸಿಯ ‘ಡಾಕ್ಟರ್ ಹೂ’ ನೋಡುವವರ ನಡುವೆ ಹುಡುಕಬೇಕು. ಹೊರಗಿನಿಂದ ಪೊಲೀಸ್ ಪೆಟ್ಟಿಗೆಯಂತೆ ಕಾಣುವ, ಒಳಹೊಕ್ಕರೆ ಮುಗಿಯದಷ್ಟು ಜಾಗವಿರುವ ವಾಹನದಲ್ಲಿ ಕಾಲವನ್ನೂ ಆಕಾಶವನ್ನೂ ಸುತ್ತುವ ಡಾಕ್ಟರ್ ಎಂಬುವನ ಕಥೆ ಅದು. 1963ರ ನವೆಂಬರ್ 23ರ ಶನಿವಾರ ಸಂಜೆ ಶುರುವಾಯಿತು, 1989ರಲ್ಲಿ ನಿಂತಿತು, 2005ರಲ್ಲಿ ಮತ್ತೆ ಎದ್ದಿತು. ಯಾರಾದರೂ ಪಾಪ, ‘ನಾನೂ ನೋಡ್ತೀನಿ’ ಎಂದರೆ ಇವರು ಕೇಳುವುದು ಒಂದೇ ಪ್ರಶ್ನೆ: ‘ಎಲ್ಲಿಂದ?’ 2005ರಿಂದ ಎಂಬ ಉತ್ತರ ಬಂತೋ, ಕೊನೇ ಪಂಕ್ತಿಗೆ ಬಂದು ಮಜ್ಜಿಗೆಯಷ್ಟೇ ಸಿಕ್ಕವನನ್ನು ನೋಡುವ ಕರುಣೆ ಇವರ ಮುಖದಲ್ಲಿ ಮೂಡುತ್ತದೆ. ಆಮೇಲೆ ಉಪದೇಶ. ಮೊದಲ ಕಂತು ಬಂದದ್ದು ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾದ ಮರುದಿನ, ಹಾಗಾಗಿ ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಅದನ್ನೇ ಇನ್ನೊಮ್ಮೆ ತೋರಿಸಬೇಕಾಯಿತು ಎಂಬುದನ್ನು ಇವರು ಹೇಳದೆ ಬಿಡುವವರಲ್ಲ. ಹೇಳುವ ಧಾಟಿ ಕೇಳಿದರೆ, ಆ ಹತ್ಯೆಯಿಂದ ಜಗತ್ತಿಗಾದ ನಷ್ಟಗಳಲ್ಲಿ ಈ ಅಡಚಣೆಯೇ ಮುಖ್ಯವಾದದ್ದು ಅನ್ನಿಸಬೇಕು.

ಈ ಅಭಿಮಾನದ ಮೊದಲ ವಿಶೇಷವೆಂದರೆ, ಅದು ಗುಣಕ್ಕಿಂತ ದೋಷದ ಮೇಲೆ ಹೆಚ್ಚು ಗಟ್ಟಿಯಾಗಿ ನಿಂತಿರುತ್ತದೆ. ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್‌ನೆಲ್ ಮಾತು ತಪ್ಪುವುದರಲ್ಲಿ ಹೆಸರಾದವರು. ವಿಕಿರಣಕ್ಕೆ ಔಷಧಿ ಎನ್ನಬೇಕಾದ ಕಡೆ ವಿಕಿರಣಕ್ಕೆ ಕೈಗವಸು ಎಂದುಬಿಟ್ಟರು. ಚೆಸ್ಟರ್‌ಟನ್ ಎಂಬ ಮೇಷ್ಟ್ರನ್ನು ಚೆಸ್ಟರ್‌ಫೀಲ್ಡ್ ಎಂದು ಕರೆದರು. ಬೇರೆ ನಟರಾದರೆ ‘ಮಾತು ಬಾಯಿಗೆ ಬಂದಿಲ್ಲ’ ಎನ್ನುತ್ತೇವೆ. ಹಾರ್ಟ್‌ನೆಲ್ ವಿಷಯದಲ್ಲಿ ಅದು ಪಾತ್ರದ ಮರೆಗುಳಿತನದ ಸೂಕ್ಷ್ಮ ಅಭಿನಯ. ಲೋಕವನ್ನೇ ನಡುಗಿಸಬೇಕಾದ, ಡಾಲೆಕ್‌ಗಳೆಂಬ ಅನ್ಯಗ್ರಹದ ರಾಕ್ಷಸರ ಒಂದು ಕೈ, ಕಟ್ಟಿಕೊಂಡ ಸಿಂಕು ಬಿಡಿಸುವ ರಬ್ಬರ್ ಪಂಪು. ಡಾಲೆಕ್‌ಗಳು ಮಾಡಿಸಿದ್ದು ನಾಲ್ಕೇ ಆದ್ದರಿಂದ, ಗುಂಪು ಕಾಣಬೇಕಾದಾಗ ಹಿಂದೆ ಡಾಲೆಕ್‌ಗಳ ದೊಡ್ಡ ಫೋಟೋ ನಿಲ್ಲಿಸಿದ್ದರು. 1965ರ ‘ದಿ ವೆಬ್ ಪ್ಲಾನೆಟ್’ ಕಥೆಯಲ್ಲಿ ಮನುಷ್ಯನ ಕಾಲುಗಳಿರುವ ಭಾರಿ ಇರುವೆಯೊಂದು ಓಡಿಬಂದು ಕ್ಯಾಮೆರಾಕ್ಕೇ ಢೀ ಕೊಡುತ್ತದೆ. ಆ ಸದ್ದೂ ಕೇಳುತ್ತದೆ. ಇವನ್ನೆಲ್ಲ ಹೇಳುವಾಗ ಇವರ ದನಿಯಲ್ಲಿ ಸಂಕೋಚದ ಸುಳಿವೂ ಇರುವುದಿಲ್ಲ, ಮಗುವಿನ ತೊದಲು ಹೇಳುವ ಹಿಗ್ಗಿರುತ್ತದೆ. ಸಮರ್ಥನೆಗೆ ಆಧಾರವಿಲ್ಲ ಎನ್ನುವಂತೆಯೂ ಇಲ್ಲ. ಮೊದಲ ಸರಣಿಯೊಂದರಲ್ಲೇ 42 ಕಂತು, ವಾರಕ್ಕೊಂದು. ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋ ಹಳೆಯದು, ಇಕ್ಕಟ್ಟಿನದು. ವಿಡಿಯೋ ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿ, ಆದ್ದರಿಂದ ನಾಟಕದಂತೆ ಒಂದೇ ಓಟದಲ್ಲಿ ಆಡಿ ಮುಗಿಸಬೇಕು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಮೊದಲ ಕಥೆಯ ನಿರ್ದೇಶಕ, ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್‌ಗೆ ಇನ್ನೂ 24. ಬಾಗಿಲ ಕೀಲಿಕೈಯನ್ನು ಪಿಯಾನೋದ ತಂತಿಗಳ ಮೇಲೆ ಎಳೆದು ವಾಹನ ಹೊರಡುವ ಸದ್ದನ್ನು ಹೊರಡಿಸಿದರು. ಸಿಂಥಸೈಜರ್ ಕೈಗೆ ಸಿಗದ ಕಾಲದಲ್ಲಿ ಡೆಲಿಯಾ ಡರ್ಬಿಶೈರ್ ಎಂಬಾಕೆ ಟೇಪಿನ ತುಣುಕುಗಳನ್ನು ಒಂದೊಂದಾಗಿ ಅಂಟಿಸಿ ಶೀರ್ಷಿಕೆ ಸಂಗೀತ ಕಟ್ಟಿದರು, ಅದು ಇಂದಿಗೂ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುತ್ತದೆ. ಇಷ್ಟೂ ನಿಜ. ಅಭಿಮಾನಿ ಎಡವುವುದು ಇದರಾಚೆ: ಕಷ್ಟಪಟ್ಟು ಮಾಡಿದ್ದು ಎಂದು ರುಜುವಾತು ಮಾಡಿದ ಕೂಡಲೇ ಚೆನ್ನಾಗಿ ಮಾಡಿದ್ದು ಎಂದೂ ರುಜುವಾತಾಯಿತು ಎಂದುಕೊಳ್ಳುತ್ತಾರೆ.

ಇವರ ತೀರ್ಪು ಎಷ್ಟು ನಂಬಿಕೆಗೆ ತಕ್ಕದ್ದು ಎಂದು ಪರೀಕ್ಷಿಸಲು ಇತಿಹಾಸವೇ ಒಂದು ಅವಕಾಶ ಒದಗಿಸಿತು. 1967ರಿಂದ ಸುಮಾರು ಹತ್ತು ವರ್ಷ ಬಿಬಿಸಿ ತನ್ನ ಹಳೇ ಟೇಪುಗಳನ್ನು ಅಳಿಸುತ್ತಾ, ಫಿಲ್ಮ್ ಪ್ರತಿಗಳನ್ನು ಕಸಕ್ಕೆ ಹಾಕುತ್ತಾ ಬಂತು. ಮೊದಲ ಆರು ಸರಣಿಗಳ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಹಾಗೆ ಮಾಯವಾದವು. ಹೋದ ಕಂತುಗಳ ಕೀರ್ತಿ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಕುಬ್ಲಾಯ್ ಖಾನನ ಆಸ್ಥಾನಕ್ಕೆ ಹೋಗುವ ಏಳು ಕಂತಿನ ‘ಮಾರ್ಕೊ ಪೋಲೊ’ದಲ್ಲಿ ಒಂದೂ ಉಳಿದಿಲ್ಲವಾದ್ದರಿಂದ ಅದು ಮಹಾಕೃತಿ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. 1967ರ ‘ದಿ ಟೂಂಬ್ ಆಫ್ ದ ಸೈಬರ್‌ಮೆನ್’ ಕೂಡ ಇಂಥದೇ ಪಟ್ಟದಲ್ಲಿ ಕೂತಿತ್ತು. ಆದರೆ ಅದರ ನಾಲ್ಕೂ ಕಂತು ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿ 1992ರಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೆ ಬಂದುಬಿಟ್ಟವು. ದೂರದ ಬೆಟ್ಟ ಅಂಗಳಕ್ಕೇ ಬಂದು ನಿಂತಾಗ ಕಲ್ಲುಮುಳ್ಳು ಕಂಡವು: ಸೈಬರ್‌ಮನ್ ಎಂಬ ಯಂತ್ರಮಾನವನೊಬ್ಬ ದೈತ್ಯಾಕಾರದ ಮನುಷ್ಯನನ್ನು ಎತ್ತುವಾಗ, ಎತ್ತುತ್ತಿರುವುದು ತಂತಿ ಎಂದು ಮಕ್ಕಳಿಗೂ ಗೊತ್ತಾಗುತ್ತಿತ್ತು. ಕಥೆ ಕಳಪೆಯೇನಲ್ಲ, ಆದರೆ ಕಾಣದಿದ್ದಾಗಿನ ಎತ್ತರ ಅದಕ್ಕಿರಲಿಲ್ಲ. ಇನ್ನೊಂದೆಡೆ 1966ರ ‘ದಿ ಗನ್‌ಫೈಟರ್ಸ್’ ಎಂಬ ಕೌಬಾಯ್ ಕಥೆಯನ್ನು ಅತ್ಯಂತ ಕೆಟ್ಟದ್ದೆಂದು ಎಷ್ಟೋ ಕಾಲ ಬೈದಿದ್ದರು. ನೋಡಲು ಸಿಕ್ಕಾಗ, ಪರವಾಗಿಲ್ಲ, ಬೇಕೆಂದೇ ನಗಿಸುವಂತೆ ಬರೆದದ್ದು ಎಂದು ಹಲವರು ಒಪ್ಪಿದರು. ಅಂದರೆ ದೂರದಿಂದ ಬೆಟ್ಟ ನುಣ್ಣಗೆ ಕಾಣುವುದಷ್ಟೇ ಅಲ್ಲ, ಹಸುರಿದ್ದದ್ದು ಬೋಳಾಗಿಯೂ ಕಾಣಬಹುದು. 1980ರ ದಶಕದ ನಿರ್ಮಾಪಕ ಜಾನ್ ನೇಥನ್ ಟರ್ನರ್, ನೆನಪು ಮೋಸ ಮಾಡುತ್ತದೆ ಎಂದು ಹೇಳಿ ಇವರ ಶಾಪಕ್ಕೆ ಗುರಿಯಾದರು. ಮಾತು ಸರಿಯಾಗಿತ್ತು, ಆದರೆ ತನ್ನ ಕಾಲದ ಕಂತುಗಳನ್ನು ಕಾಪಾಡಿಕೊಳ್ಳಬೇಕಾದ ಮನುಷ್ಯನ ಬಾಯಿಂದ ಬಂತು. ಈಗ ಆ ಕಂತುಗಳನ್ನೂ ‘ಆಹಾ, ಆ ಕಾಲ!’ ಎನ್ನುವವರಿದ್ದಾರೆ.

ಇದೆಲ್ಲ ಬಾಲ್ಯದ ಮೋಹ, ಅದಕ್ಕೇಕೆ ಇಷ್ಟು ವಿಚಾರ ಎಂದು ಕೇಳಬಹುದು. ಚಿಕ್ಕಂದಿನಲ್ಲಿ ಸೋಫಾದ ಹಿಂದೆ ಅವಿತು ನೋಡಿದ್ದು ದೊಡ್ಡವರಾದ ಮೇಲೂ ಚೆನ್ನಾಗಿರುತ್ತದೆ, ಅಷ್ಟೇ ಎಂಬ ವಾದ. ಆದರೆ ಲೆಕ್ಕ ಹೊಂದುವುದಿಲ್ಲ. ಹಾರ್ಟ್‌ನೆಲ್ ಪಾತ್ರ ಬಿಟ್ಟದ್ದು 1966ರಲ್ಲಿ. ಇಂದು ಹಾರ್ಟ್‌ನೆಲ್ ಬಿಟ್ಟರೆ ಡಾಕ್ಟರೇ ಇಲ್ಲ ಎನ್ನುವವರಲ್ಲಿ ಎಷ್ಟೋ ಮಂದಿ ಆಗ ಹುಟ್ಟಿಯೇ ಇರಲಿಲ್ಲ. ಇವರು ಹಂಬಲಿಸುವುದು ಕಳೆದ ಬಾಲ್ಯಕ್ಕಲ್ಲ, ತಮ್ಮದಲ್ಲದ ಬಾಲ್ಯಕ್ಕೆ. ಕಳೆದುಕೊಳ್ಳದೇ ಇದ್ದದ್ದನ್ನು ಕಳೆದುಕೊಂಡೆ ಎಂದು ಅಳುವುದಕ್ಕೆ ಪ್ರತಿಭೆ ಬೇಕು. ಹಾಗಾದರೆ ಸೆಳೆತ ಯಾವುದು? ಹಳೇ ಕಂತು ನೋಡುಗನಿಗೆ ಕೆಲಸ ಕೊಡುತ್ತದೆ. ರಟ್ಟಿನ ಗೋಡೆ ಅಲುಗಿದಾಗ ಅದು ಉಕ್ಕಿನದೆಂದು ನಂಬುವ ಹೊಣೆ ಇವರದು. ಧ್ವನಿ ಮಾತ್ರ ಉಳಿದ ಕಂತಿನಲ್ಲಿ ಹೆಜ್ಜೆ ಸದ್ದು ಕೇಳಿ ಯಾರು ಎತ್ತ ಹೋದರೆಂದು ಊಹಿಸುವುದೂ ಇವರೇ. ಈಗಿನ ಕಂತುಗಳಲ್ಲಿ ಕಂಪ್ಯೂಟರು ಗ್ರಹವನ್ನೂ ರಾಕ್ಷಸನನ್ನೂ ಸಿದ್ಧಮಾಡಿ ಮುಂದಿಡುತ್ತದೆ, ನೋಡುಗ ಕೈಕಟ್ಟಿ ಕೂರಬೇಕು. ‘ಆಗ ಕಥೆ ಇತ್ತು, ಈಗ ಬರೀ ಗ್ರಾಫಿಕ್ಸು’ ಎಂಬ ಇವರ ದೂರಿನ ನಿಜವಾದ ಅರ್ಥ, ‘ಆಗ ನಾನಿಲ್ಲದೆ ನಡೀತಿರಲಿಲ್ಲ’ ಎಂದು. ಅರ್ಧ ತಾನೇ ಕಟ್ಟಿದ ಮನೆಯಲ್ಲಿ ಕುಂದು ಹುಡುಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಸರಿ, ಆದರೆ ಇವರ ಕಾಟದಿಂದ ಹೊಸದಕ್ಕೆ ಏಳಿಗೆಯಿಲ್ಲವಲ್ಲ ಎನ್ನುವುದು ಎರಡನೆಯ ಆಕ್ಷೇಪ. ಕಾಟವೇನೋ ನಿಜ. 1986ರಲ್ಲಿ ಬಿಬಿಸಿಯ ಕಾರ್ಯಕ್ರಮವೊಂದಕ್ಕೆ ಬಂದ ಹದಿಹರೆಯದ ಅಭಿಮಾನಿ ಕ್ರಿಸ್ ಚಿಬ್ನಲ್, ಆ ವರ್ಷದ ಕಥೆಗಳು ಹಳಸಲು ಎಂದು ಅವುಗಳ ಲೇಖಕರ ಎದುರಿಗೇ ಹೇಳಿದ. ಅದೇ ಹುಡುಗ ಮುಂದೆ 2018ರಿಂದ 2022ರವರೆಗೆ ಧಾರಾವಾಹಿಯ ಮುಖ್ಯ ಬರಹಗಾರನಾದ. ಆಗ ಮಾಡಿದ್ದೇನು? ಹಾರ್ಟ್‌ನೆಲ್‌ಗಿಂತ ಮೊದಲೂ ಎಷ್ಟೋ ಡಾಕ್ಟರರು ಆಗಿಹೋಗಿದ್ದರು ಎಂದು 2020ರ ಕಂತೊಂದರಲ್ಲಿ ತೋರಿಸಿಬಿಟ್ಟ. ಆದಿಪರ್ವದವರಿಗೆ ಆದಿಯೇ ಇಲ್ಲದಂತಾಯಿತು! ಇನ್ನು 2023ರಲ್ಲಿ, ಅರವತ್ತು ತುಂಬಿದ ಸಂಭ್ರಮಕ್ಕೆ, ಡಾಲೆಕ್‌ಗಳ ಮೊದಲ ಕಥೆಯ ಏಳು ಕಂತುಗಳನ್ನು ಬಣ್ಣ ಬಳಿದು ಒಂದೂಕಾಲು ಗಂಟೆಗೆ ಇಳಿಸಿದಾಗ, ಕತ್ತರಿಗೆ ಸಿಕ್ಕ ಒಂದೊಂದು ಕೆಮ್ಮಿಗೂ ಇವರಲ್ಲಿ ಕೆಲವರು ಸೂತಕ ಹಿಡಿದರು. ಆದರೆ ಈ ಕಾಟ ಹೊಸದನ್ನು ಕೊಂದಿದೆಯೇ ಎಂದರೆ, ಇಲ್ಲ. ನಟ ಬದಲಾದರೆ ಡಾಕ್ಟರ್ ಮೈ ಬದಲಿಸುತ್ತಾನೆ ಎಂಬ ಉಪಾಯವನ್ನು 1966ರಲ್ಲೇ, ಹಾರ್ಟ್‌ನೆಲ್ ಆರೋಗ್ಯ ಕೆಟ್ಟಾಗ ಹೂಡಿದ್ದರು. ಬದಲಾವಣೆಯೇ ಈ ಧಾರಾವಾಹಿಯ ಆದಿ ಸಂಪ್ರದಾಯ. ಅನ್ಯಗ್ರಹದ ರಾಕ್ಷಸರು ಬೇಡವೇ ಬೇಡ ಎಂದಿದ್ದವರು ಇದನ್ನು ಹುಟ್ಟುಹಾಕಿದ ಸಿಡ್ನಿ ನ್ಯೂಮನ್. ಅವರ ಮಾತು ಮೀರಿ ಬಂದ ಡಾಲೆಕ್‌ಗಳೇ ಧಾರಾವಾಹಿಯನ್ನು ಉಳಿಸಿದವು. ಮೂಲಕ್ಕೆ ನಿಷ್ಠರಾಗಿರಿ ಎಂದು ಇವರು ಕೂಗುವ ಮೂಲದಲ್ಲೇ ಮೂಲಕ್ಕೆ ನಿಷ್ಠೆಯಿರಲಿಲ್ಲ. ಹಾಗಾಗಿ ಇವರ ಕೂಗು ಕಿವಿಗೆ ಹಿಂಸೆಯೇ ಹೊರತು ಕಥೆಗೆ ಅಪಾಯವಲ್ಲ.

ಇಷ್ಟು ಹೇಳಿದ ಮೇಲೆ ಇವರ ಪರವಾಗಿ ಒಂದು ಮಾತು ಬಾಕಿ ಉಳಿಯುತ್ತದೆ, ಅದು ಎಲ್ಲಕ್ಕಿಂತ ತೂಕದ್ದು. ಮಾಯವಾದ ಕಂತುಗಳ ಚಿತ್ರ ಹೋದರೂ ಧ್ವನಿ ಒಂದೂ ಹೋಗಿಲ್ಲ. ಕಾರಣ, ಆ ದಿನಗಳಲ್ಲಿ ಟಿ.ವಿ. ಮುಂದೆ ಮೈಕ್ ಹಿಡಿದು, ಮನೆಯವರನ್ನೆಲ್ಲ ಉಸಿರಾಡದಂತೆ ಕೂರಿಸಿ, ಪ್ರತಿ ಶನಿವಾರ ಟೇಪ್ ರೆಕಾರ್ಡರ್ ಒತ್ತಿದ ಕೆಲವು ಹುಡುಗರು. ಆ ಟೇಪುಗಳ ಆಧಾರದ ಮೇಲೆಯೇ 2016ರಲ್ಲಿ ‘ದಿ ಪವರ್ ಆಫ್ ದ ಡಾಲೆಕ್ಸ್’ ಕಥೆ ಆ್ಯನಿಮೇಷನ್ ಆಗಿ ಮರುಜನ್ಮ ಪಡೆಯಿತು. ಅಳಿಸಿದವರು ಮೂರ್ಖರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಟೇಪು ದುಬಾರಿ, ಮರುಬಳಕೆ ಲಾಭ. ನಟರ ಸಂಘದ ಒಪ್ಪಂದದಂತೆ ಮರುಪ್ರಸಾರಕ್ಕೆ ಮಿತಿ. ಬಣ್ಣ ಬಂದ ಮೇಲೆ ಕಪ್ಪು ಬಿಳುಪನ್ನು ಕೊಳ್ಳುವವರಿಲ್ಲ. ಒಂದೊಂದು ಕಾರಣವೂ ಸರಿ. ಯಾವುದು ಇಡತಕ್ಕದ್ದು, ಯಾವುದು ಬಿಡತಕ್ಕದ್ದು ಎಂದು ತೂಗಿ ನೋಡುವವರು ಮಾಡುವುದೇ ಹೀಗೆ. ಆಸ್ಟ್ರೇಲಿಯಾದಲ್ಲಂತೂ ಸೆನ್ಸಾರಿನವರು ಮಕ್ಕಳಿಗೆ ಭಯವಾದೀತೆಂದು ಕತ್ತರಿಸಿದ ತುಣುಕುಗಳು 1996ರಲ್ಲಿ ಸರ್ಕಾರಿ ದಫ್ತರದಲ್ಲಿ ಸಿಕ್ಕವು. ಕೆಲವು ಕಂತುಗಳಲ್ಲಿ ನೋಡಬಾರದೆಂದು ತೆಗೆದ ಭಾಗವಷ್ಟೇ ಇಂದು ನೋಡಲು ಸಿಗುತ್ತದೆ. ಒಳ್ಳೆಯ ಅಭಿರುಚಿಯ ಅಭಿಮಾನಿಯೂ ಒಂದಿಷ್ಟು ಉಳಿಸುತ್ತಿರಲಿಲ್ಲವೇ ಎಂದು ಕೇಳಿದರೆ, ಉಳಿಸುತ್ತಿದ್ದ, ಚೆನ್ನಾಗಿವೆ ಎನ್ನಿಸಿದ ನಾಲ್ಕನ್ನು. ಅಭಿರುಚಿ ಎಂದರೆ ಆರಿಸುವುದು, ಆರಿಸುವುದೆಂದರೆ ಉಳಿದದ್ದನ್ನು ಬಿಡುವುದು. ಕ್ಯಾಮೆರಾಕ್ಕೆ ಢೀ ಕೊಟ್ಟ ಇರುವೆಯನ್ನೂ ಮಾತು ತಪ್ಪಿದ ಮುದುಕನನ್ನೂ ಒಂದೇ ಸಮನಾಗಿ ಪ್ರೀತಿಸಿದ ಅವಿವೇಕಿಗೆ ಮಾತ್ರ ಎಲ್ಲವನ್ನೂ ಇಟ್ಟುಕೊಳ್ಳಲು ಸಾಧ್ಯ. ವಿವೇಕಿಗಳು ಅಳಿಸಿದರು, ಅವಿವೇಕಿಗಳು ಉಳಿಸಿದರು. ಯಾವ ದೋಷದಿಂದ ಇವರು ಕೆಟ್ಟ ವಿಮರ್ಶಕರೋ ಅದೇ ದೋಷದಿಂದ ಒಳ್ಳೆಯ ಭಂಡಾರಿಗಳು.

ಆದ್ದರಿಂದ ಇವರೊಡನೆ ವ್ಯವಹರಿಸಲು ಒಂದು ಕ್ರಮ ಮಾಡಿಕೊಂಡರೆ ಎಲ್ಲರಿಗೂ ಕ್ಷೇಮ. ಮೊದಲ ಕಥೆಯ ಕೊನೆಯ ಮೂರು ಕಂತು ಹೇಗಿವೆ ಎಂದು ಇವರನ್ನು ಕೇಳಕೂಡದು. ಶಿಲಾಯುಗದ ಮಂದಿ ಬೆಂಕಿ ಹೊತ್ತಿಸಲು ಪಡುವ ಪಾಡನ್ನೇ ಎಳೆದ ಆ ಮೂರನ್ನೂ ಅದ್ಭುತ ಎನ್ನುತ್ತಾರೆ, ಮುಂದಿನ ಎರಡು ಗಂಟೆ ಯಾಕೆ ಎಂದು ವಿವರಿಸುತ್ತಾರೆ. 2023ರಲ್ಲಿ ಬಿಬಿಸಿ ಎಂಟುನೂರಕ್ಕೂ ಹೆಚ್ಚು ಕಂತುಗಳನ್ನು ಒಟ್ಟಿಗೆ ನೋಡಲು ಬಿಟ್ಟಾಗ, ಹಕ್ಕಿನ ತಕರಾರಿನಿಂದ ಆ ಮೊದಲ ಕಥೆಯ ನಾಲ್ಕು ಕಂತುಗಳೇ ಅದರಲ್ಲಿರಲಿಲ್ಲ. ‘ಮೊದಲಿನಿಂದ ನೋಡಿ’ ಎಂದು ಅರವತ್ತು ವರ್ಷ ಬೋಧಿಸಿದವರಿಗೆ ಇದಕ್ಕಿಂತ ಸೊಗಸಾದ ದುಃಖ ಎಲ್ಲಿ ಸಿಕ್ಕೀತು? ಅಂಥ ಹೊತ್ತಿನಲ್ಲಿ ಇವರನ್ನು ಕೇಳಬೇಕಾದ ಪ್ರಶ್ನೆ ಚೆನ್ನಾಗಿದೆಯೇ ಎಂದಲ್ಲ, ನಿಮ್ಮ ಹತ್ತಿರ ಇದೆಯೇ ಎಂದು. ಇದ್ದೇ ಇರುತ್ತದೆ.