ಅಗ್ಗದ ಬಂದೂಕು, ಮೈಸೂರು ಸಿಲ್ಕು

ಮನೆಯಲ್ಲಿ ಜಿರಲೆ ಕಂಡರೆ ಮೊದಲು ಕುರ್ಚಿ ಹತ್ತುವವನು ನಾನು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಬಂದೂಕು ಕೊಂಡ ಕಥೆ ಬರುತ್ತದೆ, ನೀವು ನನ್ನ ಬಗ್ಗೆ ಏನೇನೋ ಅಂದುಕೊಂಡುಬಿಡಬಾರದು.

ನಾನು ತುಮಕೂರು ಕಡೆಯವನು, ಈಗ ಟೆಕ್ಸಸ್‌ನ ಡಲ್ಲಾಸ್ ಪಕ್ಕದಲ್ಲಿ ಮನೆ. ಎಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ಬಂದೂಕಿನ ಯೋಚನೆ ಬರಲಿಲ್ಲ, ಬಂದಿದ್ದರೂ ಪ್ರಯೋಜನವಿರಲಿಲ್ಲ. ಬೇಟೆ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ ಆ ವೀಸಾದವರು ಇಲ್ಲಿ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಹದಿನಾಲ್ಕು ವರ್ಷ ಕಾದ ಮೇಲೆ ಗ್ರೀನ್ ಕಾರ್ಡ್ ಬಂತು. ಅಷ್ಟು ಹೊತ್ತಿಗೆ ಕೂದಲು ಹಿಂದೆ ಸರಿದು ಹೊಟ್ಟೆ ಮುಂದೆ ಬಂದಿತ್ತು. ಇಂಥ ಹೊತ್ತಿನಲ್ಲಿ ಬೇರೆಯವರು ತಿರುಪತಿಗೆ ಹೋಗಿ ಬರುತ್ತಾರೆ. ನಾನು ದಾವಣಗೆರೆಯ ಗೆಳೆಯನೊಬ್ಬನ ಮಾತು ಕೇಳಿ ಶೂಟಿಂಗ್ ರೇಂಜಿಗೆ ಹೋದೆ.

"ಗಾಲ್ಫ್‌ಗಿಂತ ಅಗ್ಗ ಕಣೋ" ಅಂದಿದ್ದ ಅವನು. ಅಗ್ಗ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈಮೇಲೆ ಜ್ಞಾನವಿರುವುದಿಲ್ಲ. ಮನೆಯಲ್ಲಿ ಅಗ್ಗಕ್ಕೆ ಬಂದ ಮಿಕ್ಸಿಗಳು ಮೂರಿವೆ. ಚಟ್ನಿ ಈಗಲೂ ಒರಳಿನಲ್ಲೇ.

ಮೊದಲು ಪಿಸ್ತೂಲು ನೋಡಿದೆ. ಚಿಕ್ಕದಾದರೆ ಚೊಕ್ಕ ಅಂದುಕೊಂಡು ಅಂಗೈಯಗಲದ್ದೊಂದನ್ನು ಬಾಡಿಗೆಗೆ ತೆಗೆದುಕೊಂಡೆ. ಪಿಸ್ತೂಲು ಹಗುರವಾದಷ್ಟೂ ಒದೆತ ಜಾಸ್ತಿ ಅಂತ ಆಮೇಲೆ ತಿಳಿಯಿತು. ತೂಕದ್ದಾದರೆ ಅರ್ಧ ಏಟನ್ನು ತಾನೇ ನುಂಗಿಕೊಳ್ಳುತ್ತದೆ, ಹಗುರದ್ದು ಪೂರ್ತಿ ನಮ್ಮ ಕೈಗೇ ದಾಟಿಸುತ್ತದೆ. ಮೊದಲ ಗುಂಡಿಗೆ ಮೇಲಿನ ಕಬ್ಬಿಣ ಹಿಂದಕ್ಕೆ ಬಂದು ಹೆಬ್ಬೆರಳ ಬುಡದ ಚರ್ಮ ಕಚ್ಚಿತು. ಮೂರನೆಯದಕ್ಕೆ ತೋಟಾದ ಖಾಲಿ ಚಿಪ್ಪು, ಒಗ್ಗರಣೆಯ ಸಾಸಿವೆ ಹಾರಿದ ಹಾಗೆ ಹಾರಿ, ನೆಟ್ಟಗೆ ನನ್ನ ಅಂಗಿಯ ಕಾಲರಿನೊಳಗೆ ಇಳಿಯಿತು. ಹಿತ್ತಾಳೆ, ಕೆಂಡದಂತೆ ಕಾದದ್ದು. ಹೇಳಿಕೊಟ್ಟಿದ್ದ ಪಾಠ ಮಾತ್ರ ಮರೆಯಲಿಲ್ಲ. ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಮೂತಿ ಗುರಿಯ ಕಡೆಗೇ ಇದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಕುಣಿದೆ. ಪಕ್ಕದ ಸಾಲಿನಲ್ಲಿ ಗುಂಡು ಹೊಡೆಯುತ್ತಿದ್ದ ಎಂಬತ್ತರ ಅಜ್ಜಿಯೊಬ್ಬರು ನಿಲ್ಲಿಸಿ ನೋಡಿದರು. ನನ್ನ ಶಿಸ್ತನ್ನು ಮೆಚ್ಚಿಕೊಂಡರೋ ಹೆಜ್ಜೆಗಳನ್ನೋ ಕೇಳಲಿಲ್ಲ.

ಗೆಳೆಯ ಬಿಡಲಿಲ್ಲ. ತನ್ನ ರಷ್ಯದ ನಗಾಂತ್ ರಿವಾಲ್ವರು ಕೊಟ್ಟ. 1895ರ ಮಾದರಿ, ಆರರ ಬದಲು ಏಳು ಗುಂಡು, ಕುದುರೆ ಎಳೆದಾಗ ತಿರುಗಣೆ ತಾನೇ ಮುಂದೆ ಸರಿದು ನಳಿಗೆಗೆ ಅಂಟಿಕೊಳ್ಳುವ ಜಾಣತನದ ಯಂತ್ರ. ಒಂದು ಕಾಲದಲ್ಲಿ ನೂರು ಡಾಲರಿಗೆ ಸಿಗುತ್ತಿತ್ತಂತೆ. ಆದರೆ ಆ ಕುದುರೆ ಎಳೆಯಲು ಒಂಬತ್ತು ಕಿಲೋದಷ್ಟು ಬಲ ಬೇಕು. ಅಜ್ಜಿ ಮನೆಯ ಬಾವಿಯಲ್ಲಿ ತುಂಬಿದ ಕೊಡ ಸೇದಿದ ನೆನಪಾಯಿತು. ನಾನು ಎಳೆದು ಮುಗಿಸುವ ಹೊತ್ತಿಗೆ ಗುರಿ ಎಲ್ಲಿತ್ತು ಅನ್ನುವುದೇ ಮರೆತುಹೋಗಿತ್ತು. ರಾತ್ರಿ ಹೆಂಡತಿ ಕೈಗೆ ಅರಿಶಿನ ಹಚ್ಚುತ್ತಾ "ಯಾರ ಜೊತೆ ಜಗಳ ಆಡಿದ್ರಿ?" ಅಂದಳು. ಒಬ್ಬನೇ ಜಗಳ ಆಡಿ ಒಬ್ಬನೇ ಸೋತು ಬಂದೆ ಅಂತ ಹೇಳುವುದಾದರೂ ಹೇಗೆ?

ಪಿಸ್ತೂಲಿನ ಅಧ್ಯಾಯ ಅಲ್ಲಿಗೆ ಮುಗಿಯಿತು. ಗೆಳೆಯನ ಎರಡನೇ ಉಪದೇಶ, ಸೈನ್ಯದವರು ಮೂಲೆಗೆ ಹಾಕಿದ ಹಳೇ ರೈಫಲು. ಗನ್ ಷೋ ಅನ್ನುವ ಸಂತೆಗೆ ಕರೆದುಕೊಂಡು ಹೋದ. ದೊಡ್ಡ ಹಾಲ್, ಸಾಲುಸಾಲು ಮೇಜು, ಮೇಜಿನ ತುಂಬ ಮುಗಿದುಹೋದ ಯುದ್ಧಗಳು. ಅಲ್ಲಿ ರಷ್ಯದ ಮೋಸಿನ್ ನಗಾಂತ್ ಕಂಡಿತು, ನಾಲ್ಕು ಅಡಿ ಉದ್ದ. ಬೆಲೆ ಕೇಳಿದೆ. "ಅಯ್ಯೋ, ಇಪ್ಪತ್ತು ವರ್ಷದ ಹಿಂದೆ ಬರಬೇಕಿತ್ತು ನೀನು, ನೂರು ಡಾಲರ್ ಒಳಗೆ ಸಿಗೋದು" ಅಂದ ಗೆಳೆಯ. ಪಕ್ಕದ ಮೇಜಿನವನೂ ಅದನ್ನೇ ಅಂದ, ಅದರಾಚೆಯವನೂ. ನಾನು ಬೆಂಗಳೂರಿನಲ್ಲಿ ಸೈಟು ಹುಡುಕಿದವನು. ಇಪ್ಪತ್ತು ವರ್ಷದ ಹಿಂದೆ ಬರಬೇಕಿತ್ತು ಅನ್ನುವ ಮಾತು ನನ್ನ ಮಟ್ಟಿಗೆ ಕುಲದೇವರ ಅಪ್ಪಣೆ ಇದ್ದಂತೆ. ಎಲ್ಲಿ ಹೋದರೂ ಅದೇ ಸಿಗುವುದು. ಸಾಲದ್ದಕ್ಕೆ 2021ರಲ್ಲಿ ರಷ್ಯದ ಗುಂಡುಗಳ ಹೊಸ ಆಮದಿಗೆ ಅಮೆರಿಕ ತಡೆ ಹಾಕಿದ ಮೇಲೆ ಡಬ್ಬಗಟ್ಟಲೆ ಸಿಗುತ್ತಿದ್ದ ಅಗ್ಗದ ಗುಂಡೂ ಹೋಯಿತಂತೆ.

ಹಳೇ ರೈಫಲು ನೋಡುವುದಕ್ಕೂ ಒಂದು ಶಾಸ್ತ್ರವಿದೆ. ಬೋಲ್ಟಿನ ಮೇಲಿನ ಸಂಖ್ಯೆಗೂ ಮೈಮೇಲಿನ ಸಂಖ್ಯೆಗೂ ಹೊಂದಿಕೆ ಇರಬೇಕು. ಇಲ್ಲದಿದ್ದರೆ ಎರಡನೇ ಸಂಬಂಧ ಅಂತ ಲೆಕ್ಕ, ಬೆಲೆ ಇಳಿಯುತ್ತದೆ, ತಿಳಿದವರಿಂದ ಪರೀಕ್ಷೆ ಮಾಡಿಸದೆ ಗುಂಡು ಹಾಕಬಾರದು. ನಮ್ಮಲ್ಲಿ ಜಾತಕ ಕೂಡಿಸುವಾಗ ಮೂವತ್ತಾರಕ್ಕೆ ಹದಿನೆಂಟು ಗುಣ ಬಂದರೂ ನಡೆಯುತ್ತದೆ, ಇಲ್ಲಿ ಒಂದಂಕಿ ತಪ್ಪಿದರೂ ಮೂಗು ಮುರಿಯುತ್ತಾರೆ. ಆಮೇಲೆ ಬೋಲ್ಟು ತೆಗೆದು ನಳಿಗೆಯಲ್ಲಿ ಕಣ್ಣಿಟ್ಟು, ಒಳಗಿನ ಸುರುಳಿ ಗೀರುಗಳು ಹೊಳೆಯುತ್ತವೆಯೇ ಅಂತ ನೋಡಬೇಕು. ನಾನೂ ಗಂಭೀರವಾಗಿ ಏಳೆಂಟು ನಳಿಗೆ ನೋಡಿ, "ಹ್ಞೂಂ" ಅಂದು, ತಲೆಯಾಡಿಸಿ ಮುಂದೆ ಸಾಗಿದೆ. ಜನ ನನ್ನನ್ನೇ ನೋಡುತ್ತಿದ್ದರು. ಪರಿಣತ ಅಂದುಕೊಂಡರೇನೋ ಅಂತ ಎದೆ ಇನ್ನಷ್ಟು ಉಬ್ಬಿಸಿದೆ. ಒಂದು ಗಂಟೆ ಕಳೆದು ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡರೆ ಬಲಗಣ್ಣಿನ ಸುತ್ತ ಗ್ರೀಸಿನ ಕಪ್ಪು ಬಳೆ. ದೃಷ್ಟಿ ತೆಗೆಯಲು ಯಾರೋ ಬಟ್ಟಲು ಅದ್ದಿ ಒತ್ತಿದ ಹಾಗೆ.

ಹಾಗೆ ಒಕ್ಕಣ್ಣಿನಲ್ಲಿ ಅಲೆಯುವಾಗಲೇ ಅದು ಕಂಡದ್ದು. ಮೊಂಡು ಮೂತಿ, ಮೂತಿಯವರೆಗೂ ಮರ. ನಮ್ಮೂರ ಪೊಲೀಸ್ ಠಾಣೆಯ ಜಗುಲಿಯಲ್ಲಿ ಪೇದೆಯ ತೊಡೆಯ ಮೇಲೆ ಮಲಗಿರುತ್ತಿದ್ದ ತ್ರೀ ನಾಟ್ ತ್ರೀ! ಶಾಲೆಗೆ ಹೋಗುವಾಗ ಅದನ್ನು ನೋಡಲೆಂದೇ ನಾನು ಸುತ್ತುಹಾಕಿ ಹೋಗುತ್ತಿದ್ದೆ. ಕಬ್ಬಿಣದ ಮೇಲೆ ಆರ್‌ಎಫ್‌ಐ ಅಂತ ಕೊರೆದಿತ್ತು, ರೈಫಲ್ ಫ್ಯಾಕ್ಟರಿ ಇಶಾಪುರ, ಕೆಳಗೆ 1966. ಬಂಗಾಳದಲ್ಲಿ ಹುಟ್ಟಿ, ಸಮುದ್ರ ದಾಟಿ, ಟೆಕ್ಸಸ್‌ನಲ್ಲಿ ಗಿರಾಕಿಗಾಗಿ ಕಾಯುತ್ತಿದೆ. ಹೆಚ್ಚುಕಡಿಮೆ ನನ್ನದೇ ಕಥೆ. ಅಂಗಡಿಯವನು ಏನೇನೋ ವಿವರ ಹೇಳುತ್ತಿದ್ದ, ನಾನು ಆಗ ಮೂರನೇ ಕ್ಲಾಸಿನಲ್ಲಿದ್ದೆ. 450 ಡಾಲರ್ ಅಂದ. ಚೌಕಾಸಿ ಮಾಡುವುದನ್ನೂ ಮರೆತೆ. ಅದೇ ಆವೇಶದಲ್ಲಿ ಪಕ್ಕದ ಮೇಜಿನಿಂದ ತ್ರೀ ನಾಟ್ ತ್ರೀ ಗುಂಡು ಎರಡು ಡಬ್ಬಿ.

1963ರಲ್ಲಿ ಇದೇ ಡಲ್ಲಾಸಿನಲ್ಲಿ ಕೆನಡಿಯವರನ್ನು ಕೊಂದ ರೈಫಲು ಅಂಚೆಯಲ್ಲಿ ತರಿಸಿದ ಇಟಲಿ ಸೈನ್ಯದ ಹಳೇ ಮಾಲು. 1968ರ ಕಾನೂನು ಬಂದ ಮೇಲೆ ಹಾಗೆ ಸುಮ್ಮನೆ ಟಪಾಲಿನಲ್ಲಿ ತರಿಸುವಂತಿಲ್ಲ. ಈಗಂತೂ ಅರ್ಜಿ ತುಂಬಬೇಕು, ಮೇಲಿನವರು ಹಿನ್ನೆಲೆ ನೋಡಬೇಕು. ನನ್ನ ಹಿನ್ನೆಲೆಯಲ್ಲಿ ದೋಷವಿಲ್ಲ, ಹೆಸರಿನಲ್ಲಿದೆ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಕೊನೆಯ ಹೆಸರಾಗಿದೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಅಪ್ಪನ ಹೆಸರು ನಡುವೆ ಸಿಕ್ಕಿಕೊಂಡಿದೆ. ಉತ್ತರ ಬಂತು: ತಡವಾಗುತ್ತದೆ. ಮನೆಯಲ್ಲಿ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೇಳಿ ಹೊರಟಿದ್ದವನು ಬಂದೂಕೂ ಇಲ್ಲದೆ ಸೊಪ್ಪೂ ಇಲ್ಲದೆ, ಒಂದು ಕಣ್ಣು ಕಪ್ಪು ಮಾಡಿಕೊಂಡು ವಾಪಸು ಬಂದೆ. ಅಲ್ಲಿಗೆ ಗುಟ್ಟು ರಟ್ಟಾಯಿತು.

"ಐವತ್ತು ವರ್ಷ ದಾಟಿದ ಬಂದೂಕನ್ನ ಇಲ್ಲಿ ಸರ್ಕಾರವೇ ಅಪರೂಪದ ವಸ್ತು ಅಂತ ಲೆಕ್ಕ ಹಾಕುತ್ತೆ, ಗೊತ್ತಾ?" ಅಂತ ಸಮರ್ಥಿಸಿಕೊಂಡೆ. ನನಗೆ ಆಗ ಐವತ್ತೊಂದು. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಾತಾಡಲಿಲ್ಲ.

ಬಂದೂಕು ತರುವ ಮೊದಲೇ ಬೀಗದ ಸೇಫು ಬರಬೇಕು ಅಂತ ಹೆಂಡತಿಯ ಷರತ್ತು. ನ್ಯಾಯವಾದದ್ದೇ. ಆದರೆ ಸೇಫಿಗೆ 600 ಡಾಲರ್.

ಕೊನೆಗೆ ಒಪ್ಪಿಗೆ ಬಂದು ಬಂದೂಕು ಮನೆ ಸೇರಿತು. ಸೈನ್ಯದವರು ರೈಫಲನ್ನು ಮೂಲೆಗಿಡುವಾಗ ಬೆಲ್ಲದ ಪಾಕದಂಥ ಗ್ರೀಸು ಬಳಿದು ಇಡುತ್ತಾರೆ. ಅದು ವರ್ಷಗಟ್ಟಲೆ ಮರದೊಳಗೆ ಇಳಿದಿರುತ್ತದೆ, ಬಿಸಿ ತಾಗಿದರಷ್ಟೇ ಹೊರಗೆ ಬರುತ್ತದೆ. ಉಪಾಯವೂ ಪ್ರಸಿದ್ಧವೇ: ಮರದ ಹಿಡಿಯನ್ನು ಬಿಚ್ಚಿ, ಕಪ್ಪು ಕಸದ ಚೀಲದಲ್ಲಿ ಸುತ್ತಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡುವುದು. ಟೆಕ್ಸಸ್‌ನ ಆಗಸ್ಟ್ ತಿಂಗಳು. ಕಾರೇ ಒಂದು ಹಬೆಪಾತ್ರೆ. ಮುಂದಿನ ಸೀಟಿಗೆ ಒರಗಿಸಿ ಬೆಲ್ಟನ್ನೂ ಹಾಕಿದೆ. ಸಂಜೆ ತೆಗೆದಾಗ ಚೀಲದ ತಳ ತೂತಾಗಿತ್ತು. ಸೀಟನ್ನು ಟಿಶ್ಯೂ ಪೇಪರಿನಲ್ಲಿ ಒರೆಸಿದೆ. ಸ್ವಚ್ಛವಾಯಿತು ಅಂತ ನನ್ನ ಅಂದಾಜು.

ಅಂದು ಆಗಸ್ಟ್ ಮಾತ್ರವಲ್ಲ, ಶ್ರಾವಣವೂ ಹೌದು. ಶುಕ್ರವಾರವೂ ಹೌದು. ವರಮಹಾಲಕ್ಷ್ಮಿಯ ಅರಿಶಿನ ಕುಂಕುಮಕ್ಕೆ ಹೆಂಡತಿ ಧಾರೆ ಸೀರೆ ಉಟ್ಟು ಬಂದು ಅದೇ ಸೀಟಿನಲ್ಲಿ ಕುಳಿತಳು.

ಹದಿನೆಂಟು ಮನೆಯ ಹೆಂಗಸರು ಸೇರಿದ್ದರು. ಆರತಿಗೆ ಅಂತ ಎದ್ದು ನಿಂತಾಗ ಹಿಂದಿನಿಂದ ಯಾರೋ ಮೆಲ್ಲಗೆ ಕಿವಿಯಲ್ಲಿ ಹೇಳಿದರಂತೆ. ಆಮೇಲೆ ಮನೆಯಲ್ಲಿ ನಾನೂ ನೋಡಿದೆ. ಅಂಗೈಯಗಲದ ಕಂದು ಕಲೆ, ಶ್ರೀಲಂಕಾದ ಆಕಾರ. "ಅಷ್ಟೇನೂ ಕಾಣಲ್ಲ" ಅಂದೆ. ಮದುವೆಯಾದವರಿಗೆ ಮುಂದಿನದನ್ನು ಬರೆದು ತಿಳಿಸಬೇಕಿಲ್ಲ.

ಇಷ್ಟಾದ ಮೇಲೂ ರೇಂಜಿಗೆ ಹೋದೆ ಅಂದರೆ ನನ್ನ ಚರ್ಮ ಎಂಥದೆಂದು ನೀವೇ ಊಹಿಸಿ. ನಾಲ್ಕು ಜನ ಸುತ್ತ ಸೇರಿದರು, ಇಶಾಪುರದ ಬಗ್ಗೆ ಸಣ್ಣ ಭಾಷಣ ಮಾಡಿದೆ, ಗುಂಡು ತುಂಬಿದೆ. ಬೋಲ್ಟು ಮುಚ್ಚಲೊಲ್ಲದು. ತಳ್ಳಿದೆ, ಒತ್ತಿದೆ. ರೇಂಜಿನ ಮೇಲ್ವಿಚಾರಕ ಬಂದು, ನನ್ನ ಕೈ ತಡೆದು, ಕಬ್ಬಿಣದ ಮೇಲೆ ಬೆರಳಿಟ್ಟು ತೋರಿಸಿದ. ನಾನು ಇಶಾಪುರ ಓದಿದ್ದೆ, 1966 ಓದಿದ್ದೆ. ಪಕ್ಕದ 7.62 ಮಾತ್ರ ಓದಿರಲಿಲ್ಲ. 1962ರ ಚೀನಾ ಯುದ್ಧದ ಬಳಿಕ ಇಶಾಪುರದವರು ಹಳೇ ತ್ರೀ ನಾಟ್ ತ್ರೀಯ ನಕ್ಷೆಯನ್ನೇ ತಿದ್ದಿ ಹೊಸ 7.62 ಗುಂಡಿಗೆ ಹೊಂದುವ ಹಾಗೆ ಮಾಡಿದ 2ಎ1 ಮಾದರಿ ಅದು. ಹತ್ತರ ಬದಲು ಹನ್ನೆರಡು ಗುಂಡು ಹಿಡಿಯುತ್ತದೆ. ನನ್ನ ಎರಡು ಡಬ್ಬಿಯಲ್ಲಿ ಒಂದನ್ನೂ ಹಿಡಿಯುವುದಿಲ್ಲ. ಸರಿಯಾದ ಗುಂಡು ಕೊಂಡೆ, ಒಂದಕ್ಕೆ ಹತ್ತಿರ ಹತ್ತಿರ ಒಂದು ಡಾಲರ್. ಪ್ರೋಗ್ರೆಸಿವ್ ಕನ್ನಡಕದಲ್ಲಿ ತಲೆ ಎತ್ತಿದರೆ ಗುರಿಕಡ್ಡಿ ಸ್ಪಷ್ಟ, ತಗ್ಗಿಸಿದರೆ ಗುರಿ ಸ್ಪಷ್ಟ. ಕತ್ತೆಲ್ಲೋ, ಕಾಗದವೆಲ್ಲೋ. ಇಪ್ಪತ್ತು ಡಾಲರ್ ಹಾರಿಹೋಯಿತು. ಕಾಗದಕ್ಕೆ ಗಾಯವಾಗಲಿಲ್ಲ, ಭುಜಕ್ಕೆ ಆಯಿತು.

ಮನೆಗೆ ಬಂದು ಈ 7.62ರ ವಿಷಯ ಎತ್ತಲಿಲ್ಲ. ಬಂದವರಿಗೆಲ್ಲ ತ್ರೀ ನಾಟ್ ತ್ರೀ ಅಂತಲೇ ತೋರಿಸುತ್ತಿದ್ದೆ.

ದೀಪಾವಳಿಗೆ ಮೊದಲು ಅತ್ತೆ ಮಾವ ಬಂದರು. ಪೆಟ್ಟಿಗೆಯಲ್ಲಿ ನಾನು ದಂಡವಾಗಿ ತೆತ್ತ ಮೈಸೂರು ಸಿಲ್ಕ್ ಸೀರೆ, ನಲವತ್ತು ಸಾವಿರ ರೂಪಾಯಿ. ಆಗಿನ ದರದಲ್ಲಿ ಲೆಕ್ಕ ಹಾಕಿದರೆ ಬಂದೂಕಿಗಿಂತ ದುಬಾರಿ. ಮಾವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದವರು. "ಎಲ್ಲಿ ಅಳಿಯಂದ್ರೇ, ಸೀರೆ ಹಾಳು ಮಾಡಿದ ಹತಾರ?" ಅಂದರು.

ಇಲ್ಲೊಂದು ವಿಚಿತ್ರ. ವಿಸಿಟರ್ ವೀಸಾದಲ್ಲಿ ಬಂದವರಿಗೂ ಎಚ್-1ಬಿಯವರದೇ ಕಾನೂನು. ಮೂವತ್ತೆರಡು ವರ್ಷ ರೈಫಲು ಹೊತ್ತ ಮಾವ ಅದನ್ನು ಮುಟ್ಟುವಂತಿಲ್ಲ, ಹಿಡಿಯಲು ಬಾರದ ನಾನು ಹಿಡಿಯಬಹುದು. ಮಾವ ಕಾನೂನಿನ ಮನುಷ್ಯ. ಗ್ಯಾರೇಜಿನ ಬಾಗಿಲು ಹಾಕಿಸಿ, ಕೈ ಹಿಂದೆ ಕಟ್ಟಿ, ಹತ್ತಡಿ ದೂರ ನಿಂತರು.

"ಇದು ತ್ರೀ ನಾಟ್ ತ್ರೀ ಅಲ್ಲ. ಮ್ಯಾಗಜಿನ್ ತಳ ನೋಡಿ, ಚೌಕ ಇದೆ."

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಮ್ಯಾಗಜಿನ್ ಕಡೆ ತಿರುಗಿದೆ.

"ಹಿಂದಿನ ತಟ್ಟೆಯ ಮುಚ್ಚಳ ತೆಗೀರಿ." ಹಿಡಿಯ ಹಿಂಬದಿಯ ಲೋಹದ ತಟ್ಟೆಯಲ್ಲಿ ಮುಚ್ಚಳವೊಂದು ಇದೆಯೆಂದು ನನಗೆ ಮೂರು ತಿಂಗಳಾದರೂ ಗೊತ್ತಿರಲಿಲ್ಲ. ತೆಗೆದರೆ ಒಳಗೆ ಎಣ್ಣೆ ಬುಡ್ಡಿ, ನಳಿಗೆ ಉಜ್ಜುವ ದಾರ. ನಾನು ನಲವತ್ತು ಡಾಲರ್ ಕೊಟ್ಟು ಬೇರೆ ಕೊಂಡಿದ್ದೆ.

"ಭುಜದ ಮೇಲೆ ಇಡಿ. ಹಾಗಲ್ಲ. ಸಾವಧಾನ್!" ನಿಂತೆ. "ಹೊಟ್ಟೆ ಒಳಗೆ." ಎಳೆದುಕೊಂಡೆ. "ಒಳಗೆ ಅಂದೆ." ಎಳೆದುಕೊಂಡೇ ಇದ್ದೆ. ಹತ್ತು ನಿಮಿಷಕ್ಕೆ ಭುಜ ಸೇದತೊಡಗಿತು, ಇಪ್ಪತ್ತಕ್ಕೆ ಮಂಡಿ. ನಾಲ್ಕು ಕಿಲೋ ದಾಟಿದ ಮರ ಕಬ್ಬಿಣ ಅದು. ವಿಶ್ರಾಮ್ ಅನ್ನುವ ಸೂಚನೆಯೇ ಇಲ್ಲ. ಮಾವ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕುಳಿತರು.

"ಎಷ್ಟು ಕೊಟ್ರಿ ಇದಕ್ಕೆ?"

ಹೇಳಿದೆ. ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದರು. ಗಣೇಶನ ಬಂದೋಬಸ್ತು, ಜಾತ್ರೆ, ಎಲೆಕ್ಷನ್ನು, ಮಳೆಯಲ್ಲಿ ಖಜಾನೆ ಕಾವಲು ಎಲ್ಲ ಕಣ್ಣ ಮುಂದೆ ಬಂದಿರಬೇಕು.

"ಮೂವತ್ತೆರಡು ವರ್ಷ ಇದರ ಅಣ್ಣನನ್ನ ಭುಜದಿಂದ ಇಳಿಸೋದು ಯಾವಾಗಪ್ಪಾ ಅಂತ ಕಾದೆ. ಇಳಿಸಿದ ದಿನ ಮನೇಲಿ ಹೋಳಿಗೆ ಮಾಡಿಸಿದ್ವಿ. ನೀವು ಕೈಯಿಂದ ದುಡ್ಡು ಕೊಟ್ಟು ಹೊತ್ಕೊಂಡ್ರಲ್ಲ, ಮಾರಾಯ್ರೇ!"

ಅತ್ತೆ ಒಳಗಿನಿಂದ, "ಕಾಫಿ ಆರ್ತಾ ಇದೆ, ಅವರನ್ನ ಬಿಟ್ಬಿಡಿ" ಅಂದರು. ಬಿಟ್ಟರು.

ಸರ್ಕಾರಿ ಕಾರ್ಖಾನೆಯ ಮೈಸೂರು ಸಿಲ್ಕ್ ಸೀರೆಗೆ, ಬಂದೂಕಿಗೆ ಇರುವಂತೆಯೇ, ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ಸಂಖ್ಯೆ ಇರುವ ವಸ್ತು ಸೇಫಿನಲ್ಲೇ ಇರಬೇಕು ಅಂತ ಹೆಂಡತಿ ತೀರ್ಮಾನಿಸಿದಳು. ಹೊಸ ಸೀರೆ ಒಳಗೆ ಹೋಯಿತು. ಅದರ ಹಿಂದೆಯೇ ಬಂಗಾರದ ಡಬ್ಬಿ, ಪಾಸ್‌ಪೋರ್ಟುಗಳು, ಆಮೇಲೆ ಉಳಿದ ರೇಷ್ಮೆ ಸೀರೆಗಳೂ ಹೋದವು. ರೈಫಲು ಮೂಲೆಯಲ್ಲಿ, ಗ್ರೀಸು ತಾಗದಿರಲೆಂದು ಹಳೇ ಲಂಗದ ಬಟ್ಟೆಯಲ್ಲಿ ಸುತ್ತಿಕೊಂಡು ನಿಂತಿದೆ. ಸೇಫಿನ ನಂಬರನ್ನೂ ಬದಲಾಯಿಸಿದ್ದಾಳೆ. ನೋಡುವ ಆಸೆಯಿದ್ದವರು ಖಂಡಿತ ಬನ್ನಿ, ಎರಡು ದಿನ ಮೊದಲೇ ಫೋನು ಮಾಡಿ. ನನಗಲ್ಲ, ಅವಳಿಗೆ. ತ್ರೀ ನಾಟ್ ತ್ರೀಯ ಗುಂಡು ಎರಡು ಡಬ್ಬಿ ಮಾತ್ರ ನನ್ನ ವಶದಲ್ಲೇ ಇದೆ, ಒಂದರ ಮುದ್ರೆ ಒಡೆದಿದೆ, ಗುಂಡು ಒಂದೂ ಹಾರಿಲ್ಲ. ಬೇಕಾದವರಿದ್ದರೆ ತಿಳಿಸಿ, ಅಗ್ಗಕ್ಕೆ ಕೊಡುತ್ತೇನೆ.