ಉಚ್ಚೆಕಾಯಿ ಮರದ ಉಪಯೋಗಗಳು

ನಮ್ಮ ಮನೆಯ ಮುಂದಿನ ಮರಕ್ಕೆ ನಾಲ್ಕು ಹೆಸರು. ಬಂದವರ ಮುಂದೆ ನಾನು ಅದನ್ನು ಸ್ಪ್ಯಾಥೋಡಿಯಾ ಕ್ಯಾಂಪನುಲೇಟಾ ಅನ್ನುತ್ತೇನೆ. ಒಂದು ಪುಸ್ತಕದಲ್ಲಿ ನೀರುಕಾಯಿ ಮರ ಎಂದಿದೆ, ಇನ್ನೊಂದರಲ್ಲಿ ಜೀರ್ಕೊಳವಿ ಮರ. ಮೈಸೂರಿನಲ್ಲಿ ಚಡ್ಡಿ ಹಾಕಿಕೊಂಡು ಶಾಲೆಗೆ ಹೋದವರಿಗೆ ಇವು ಯಾವುವೂ ಗೊತ್ತಿಲ್ಲ. ಅವರಿಗೆ ಅದು ಉಚ್ಚೆಕಾಯಿ ಮರ. ನಾನು ಲ್ಯಾಟಿನ್ ಹೆಸರು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದಲೇ ಈ ಕೊನೆಯ ಹೆಸರನ್ನು ಕೂಗಿ ಹೇಳುತ್ತಾಳೆ.

ಆ ಹೆಸರು ಯಾಕೆ ಬಂತೆಂದು ಗೊತ್ತಿಲ್ಲದವರಿಗೆ: ಈ ಮರದ ಮೊಗ್ಗು ಹುಲಿಯುಗುರಿನ ಹಾಗೆ ಬಾಗಿರುತ್ತದೆ, ಒಳಗೆ ನೀರು ತುಂಬಿರುತ್ತದೆ. ತುದಿ ಚಿವುಟಿ, ಬುಡ ಹಿಸುಕಿದರೆ ಪಿಚಕಾರಿ. ಐದನೇ ಕ್ಲಾಸಿನಲ್ಲಿ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಮೂರನೇ ಬೆಂಚಿನಿಂದ ಸಮಾಜದ ಮೇಷ್ಟರ ಬೋಳುತಲೆಗೆ ಗುರಿಯಿಟ್ಟು ಹೊಡೆದು, ಅವರು ಸೂರು ಸೋರುತ್ತಿದೆಯೇ ಎಂದು ಮೇಲೆ ನೋಡುವಂತೆ ಮಾಡಿದ್ದೆ. ಒಂದೇ ತೊಂದರೆ. ಆ ನೀರು ಬಟ್ಟೆಗೆ ತಾಗಿದರೆ ಹಳದಿ ಕಲೆಯಾಗುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಬಿಳಿ ಅಂಗಿಯ ಮೇಲಿನ ಆ ಹಳದಿಯನ್ನು ನೋಡಿ ಅಮ್ಮ ನನಗೆ ಸೌಟಿನ ಹಿಡಿಯಲ್ಲಿ ಕೊಟ್ಟಷ್ಟು ಪಾಠವನ್ನು ಯಾವ ಮೇಷ್ಟರೂ ಕೊಟ್ಟಿರಲಿಲ್ಲ.

ಮುಂದೆ ನಾನೇ ಮೇಷ್ಟರಾದೆ, ತಲೆಯೂ ಬೋಳಾಯಿತು. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ಗೇಟಿನ ಪಕ್ಕ ಒಂದು ಗಿಡಕ್ಕೆ ಜಾಗ ಬಿಟ್ಟಾಗ ಮನೆಯಲ್ಲಿ ಮೂರು ಪಕ್ಷಗಳಾದವು. ಹೆಂಡತಿಗೆ ನುಗ್ಗೆ ಬೇಕಿತ್ತು. ಅಮ್ಮನಿಗೆ ಪಾರಿಜಾತ. ನಾನು ಯಾರನ್ನೂ ಕೇಳದೆ ನರ್ಸರಿಯಿಂದ ಸ್ಪ್ಯಾಥೋಡಿಯಾ ಸಸಿ ತಂದು ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಬಂದೆ.

ಅವತ್ತು ಮಾಡಿದ ಭಾಷಣ ಇನ್ನೂ ನೆನಪಿದೆ. ಇದು ಘಾನಾ, ನೈಜೀರಿಯಾ, ಕಾಂಗೋಗಳ ಮಳೆಕಾಡಿನ ಮರ. 1805ರಲ್ಲಿ ಪಾಲಿಸೋ ದ ಬೋವ್ವಾ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಇದಕ್ಕೆ ನಾಮಕರಣ ಮಾಡಿದ. ಜಕರಂಡ, ಆಕಾಶಮಲ್ಲಿಗೆ ಎಲ್ಲ ಇದರ ದಾಯಾದಿಗಳು. ಹೂ ಬಿಟ್ಟಾಗ ಮರದ ನೆತ್ತಿಗೆ ಬೆಂಕಿ ಹತ್ತಿದ ಹಾಗೆ ಕಾಣುತ್ತದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಸರಿ ಕಣೋ, ಉಪಯೋಗ ಏನು?" ಅಂದಳು.

ಅಮ್ಮನ ತವರು ಮಂಡ್ಯದ ಕಡೆ, ತೆಂಗಿನ ತೋಟದ ಮನೆ. ಅಲ್ಲಿ ಕಾಯಿ ಅಡುಗೆಗೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ, ಚಿಪ್ಪು ಒಲೆಗೆ. ಮರವೆಂದರೆ ದುಡಿಯುವ ಮಗ ಇದ್ದ ಹಾಗೆ ಎಂದು ತಿಳಿದವಳು. ಸುಮ್ಮನೆ ಚಂದಕ್ಕೆ ನಿಲ್ಲುವ ಮರ ಅವಳ ಲೆಕ್ಕದಲ್ಲಿ ಸೋಮಾರಿ ಅಳಿಯ. "ಉಪಯೋಗ ತೋರಿಸ್ತೀನಿ ನೋಡ್ತಿರು" ಎಂದು ಪಂಥ ಕಟ್ಟಿದೆ. ಅಲ್ಲಿಂದ ಶುರುವಾಯಿತು.

ಈ ಮರ 20ರಿಂದ 25 ಮೀಟರ್ ಬೆಳೆಯಬಲ್ಲದು ಎಂಬುದು ನನಗೆ ಗೊತ್ತಿತ್ತು. ನಮ್ಮ ಸೈಟಿನ ಉದ್ದ 40 ಅಡಿ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಲಿಲ್ಲ, ಅಷ್ಟೆ. ನಾನು ಕಲಿಸುತ್ತಿದ್ದುದು ಗಣಿತ.

ಐದಾರು ವರ್ಷಕ್ಕೆ ಅದು ತಾರಸಿಯನ್ನು ದಾಟಿತು, ಹೂ ಬಿಟ್ಟಿತು. ಚಂದವೇನೋ ಹೌದು, ದಾರಿಹೋಕರು ನಿಂತು ನೋಡುತ್ತಿದ್ದರು. ಮೊದಲ ಹೂಗಳನ್ನು ಬುಟ್ಟಿಯಲ್ಲಿ ತುಂಬಿ ದೇವಸ್ಥಾನಕ್ಕೆ ಒಯ್ದೆ. ಅರ್ಚಕರು ಸಾರಿನ ಸೌಟಿನಷ್ಟು ದೊಡ್ಡ ಹೂವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಸ್ವಾಮಿಗೆ ಎಲ್ಲಿ ಮುಡಿಸೋದು ಮೇಷ್ಟ್ರೇ?" ಎಂದು ವಾಪಸು ಕೊಟ್ಟರು. ಉದುರಿದ ಹೂಗಳು ಮೆಟ್ಟಿಲ ಮೇಲೆ ಕೊಳೆತು ಲೋಳೆಯಾದವು. ಅದರ ಮೇಲೆ ಜಾರಿ ಬಿದ್ದವರ ಪಟ್ಟಿಯಲ್ಲಿ ಹಾಲಿನವನು ಒಂದು ಸಲ, ನಾನು ನಾಲ್ಕು ಸಲ.

ಆ ಏಪ್ರಿಲ್‌ನ ಮೊದಲ ಗಾಳಿಮಳೆಗೆ ಒಂದು ಕೊಂಬೆ ಮುರಿಯಿತು. ಈ ಮರದ ಕೊಂಬೆ ಗಾಳಿಗೆ ಮುರಿಯುವುದಕ್ಕೇ ಹೆಸರುವಾಸಿ ಎಂದು ಆಮೇಲೆ ಓದಿದೆ. ಬಿದ್ದಿದ್ದು ನನ್ನ ಸ್ಕೂಟರಿನ ಮೇಲೆ, ಸಸಿಯಾಗಿದ್ದಾಗ ಅದನ್ನು ಹೊತ್ತು ತಂದ ಸ್ಕೂಟರಿನ ಮೇಲೆಯೇ. ಆದರೂ ನನಗೆ ಒಳಗೊಳಗೇ ಖುಷಿ: ಸೌದೆ ಸಿಕ್ಕಿತು! ಕಡಿದು, ಒಣಗಿಸಿ, ಹಿತ್ತಲ ನೀರೊಲೆಗೆ ಹಾಕಿದೆ. ಹೊಗೆ ಬಂತು. ಇನ್ನಷ್ಟು ಹೊಗೆ ಬಂತು. ಅರ್ಧ ಲೀಟರ್ ಸೀಮೆಎಣ್ಣೆ ಕುಡಿದ ಮೇಲೂ ಸೌದೆ ತಣ್ಣಗಿತ್ತು, ನಾನು ಮಾತ್ರ ಬೆಂದಿದ್ದೆ. ಇದರ ಕಟ್ಟಿಗೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ ಎಂಬುದು ಪುಸ್ತಕದ ಮುಂದಿನ ಪುಟದಲ್ಲಿತ್ತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ನೆತ್ತಿ ಮೇಲೆ ಬೆಂಕಿ ಹತ್ತುತ್ತೆ ಅಂದಿದ್ದೆಯಲ್ಲೋ, ಒಲೇಲಿ ಯಾಕೆ ಹತ್ತಲ್ಲ?" ಅಂದಳು.

ಉಳಿದ ತುಂಡನ್ನು ಬಡಗಿಗೆ ತೋರಿಸಿದೆ. ಅವನು ಕೈಯಲ್ಲಿ ತೂಗಿ, ಉಗುರಿನಿಂದ ಗೀರಿ, "ಸಾರ್, ಇದು ಮರಾನಾ ಬೆಂಡಾ?" ಎಂದ. ಪಶ್ಚಿಮ ಆಫ್ರಿಕಾದಲ್ಲಿ ಇದರಿಂದ ಡೋಲು ಮಾಡುತ್ತಾರೆ, ಕಮ್ಮಾರರ ತಿದಿ ಮಾಡುತ್ತಾರೆ ಎಂದು ವಿವರಿಸಿದೆ. ಗಾಳಿ ಊದುವ ಕೆಲಸಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ತಿದಿ ಬೇಕಿಲ್ಲ ಎಂದು ಹೆಂಡತಿ ಅಭಿಪ್ರಾಯಪಟ್ಟಳು.

ಸರಿ, ಕೊಂಬೆಗಳನ್ನು ಗೂಟ ಮಾಡಿ ಅವಳ ಚಪ್ಪರದವರೆ ಬಳ್ಳಿಗೆ ಆಸರೆ ಕೊಟ್ಟೆ. ಮೂರು ವಾರಕ್ಕೆ ಗೂಟಗಳೇ ಚಿಗುರಿದವು! ಅವರೆಗೆ ಹಾಕಿದ ಗೊಬ್ಬರವನ್ನೆಲ್ಲ ಅವೇ ತಿಂದು, ಬಳ್ಳಿ ಸೊರಗಿ, ಹಿತ್ತಲಲ್ಲಿ ಏಳು ಸ್ಪ್ಯಾಥೋಡಿಯಾ ಎದ್ದು ನಿಂತವು. ಕಿತ್ತೆ. ಉಳಿದ ಬೇರಿನಿಂದ ಹನ್ನೊಂದಾಗಿ ಬಂದವು.

ಅಷ್ಟರಲ್ಲಿ ಮುಂದಿನ ಮರದ ಬೇರು ಕಾಂಪೌಂಡಿನ ಕೆಳಗೆ ನುಸುಳಿ, ಪಕ್ಕದ ಮನೆಯ ನಿವೃತ್ತ ತಹಸೀಲ್ದಾರರ ಗುಲಾಬಿ ಪಾತಿಯಲ್ಲಿ ಮರಿ ಹಾಕಿತ್ತು. ಒಂದು ಬೆಳಿಗ್ಗೆ ಅವರು ಮೊಬೈಲು ಹಿಡಿದು ಬಂದರು. "ಮೇಷ್ಟ್ರೇ, ನಿಮ್ಮ ಮರ ಜಗತ್ತಿನ ನೂರರಲ್ಲಿ ಒಂದಂತೆ!" ನಾನು ಉಬ್ಬಿಹೋಗಿ, ಬನ್ನಿ ಕಾಫಿ ಕುಡಿಯಿರಿ ಎಂದು ಒಳಗೆ ಕರೆದೆ. ಅವರು ಕಾಫಿಯನ್ನೆಲ್ಲ ನಿಧಾನವಾಗಿ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, ಪಟ್ಟಿಯ ತಲೆಬರಹ ತೋರಿಸಿದರು. ಐಯುಸಿಎನ್ ತಜ್ಞರು ಮಾಡಿದ, ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಅದು. ಲಾಂಟಾನದ ಜೊತೆ ನಮ್ಮ ಮರ. "ಹವಾಯಿ, ಫಿಜಿ, ಆಸ್ಟ್ರೇಲಿಯಾದಲ್ಲೂ ಇದೇ ಕಾಟವಂತೆ ಸಾರ್" ಎಂದು ಸಮಾಧಾನ ಮಾಡಲು ಹೋದೆ. "ಅಲ್ಲಿ ನಮ್ಮ ಗುಲಾಬಿ ಇಲ್ವಲ್ಲ" ಎಂದರು. ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಒತ್ತುವರಿ ಕೇಸು ನೋಡಿದವರು. ಈಗ ಒತ್ತುವರಿದಾರ ನಾನು.

ಆದರೂ ಸೋಲೊಪ್ಪುತ್ತಿರಲಿಲ್ಲವೇನೋ, ಸಂಡಿಗೆಯ ಪ್ರಕರಣ ಆಗದಿದ್ದರೆ.

ಇದರ ಕಾಯಿ ಒಂದು ಗೇಣಿಗೂ ಕಡಿಮೆ ಉದ್ದದ ದೋಣಿ. ಒಣಗಿ ಬಿರಿದರೆ ಒಳಗಿಂದ ನೂರಾರು ಬೀಜಗಳು, ಒಂದೊಂದಕ್ಕೂ ಗಾಜಿನ ಕಾಗದದಂಥ ತೆಳು ರೆಕ್ಕೆ, ಗಾಳಿಯಲ್ಲಿ ತೇಲುತ್ತಾ ಹೋಗುತ್ತವೆ. ಬೇಸಿಗೆಯಲ್ಲಿ ಹೆಂಡತಿ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದಳು. ಕಾಗೆ ಕಾಯುವ ಕೆಲಸ ನನ್ನದು. ಕಾಗೆ ಬರಲಿಲ್ಲ; ಬೀಜ ಬಂತು. ಹಸಿ ಹಿಟ್ಟಿನ ಮೇಲೆ ರೆಕ್ಕೆ ಸಮೇತ ಕೂತು, ಒಣಗಿ, ಸಂಡಿಗೆಯೊಂದಿಗೆ ಒಂದಾಗಿಬಿಟ್ಟವು. ನಾನು ನೋಡಿದೆನೇ ಎಂದರೆ, ನಿದ್ದೆಯಲ್ಲಿದ್ದೆ.

ಹೆಂಡತಿಯ ಅಣ್ಣ ಸಂಸಾರ ಸಮೇತ ಊಟಕ್ಕೆ ಬಂದರು. ಸಂಡಿಗೆ ಕರಿದು ಬಡಿಸಿದಳು. ಭಾವಮೈದುನರು ಐದನೆಯದನ್ನು ಮುರಿಯುತ್ತಾ, "ಏನಮ್ಮಾ ಇದು, ಜೀರಿಗೆ ಜೊತೆ ಬೇರೆ ಏನೋ ಹಾಕಿದ್ದೀಯ, ಗರಿಗರಿಯಾಗಿದೆ" ಎಂದರು. ನಾನು ಬಗ್ಗಿ ನೋಡಿದೆ, ಗುರುತು ಹಿಡಿದೆ. ತಿಳಿದದ್ದನ್ನು ತಿಳಿಸದೆ ಇರಲಾರದ ಹಾಳು ಮೇಷ್ಟರ ಬುದ್ಧಿ. "ಅಯ್ಯೋ, ಇದು ನಮ್ಮ ಸ್ಪ್ಯಾಥೋಡಿಯಾ ಬೀಜ! ಆಫ್ರಿಕಾದ ಬೇಟೆಗಾರರು ಇದರ ಕಾಯಿಯ ತಿರುಳು ಬೇಯಿಸಿ, ಬಾಣದ ತುದಿಗೆ ವಿಷ ಮಾಡ್ತಿದ್ದರಂತೆ" ಎಂದೆ.

ಎಲೆಯ ಮೇಲೆ ಹೋಳಿಗೆ ಹಾಗೇ ಉಳಿಯಿತು. ಬೀಜವನ್ನು ಆಫ್ರಿಕಾದ ಕೆಲವು ಕಡೆ ತಿನ್ನುತ್ತಾರೆ ಎಂದು ಅದೇ ಪುಸ್ತಕದಲ್ಲಿತ್ತು. ನೆನಪಾಗಿ ಹೇಳುವಷ್ಟರಲ್ಲಿ ಅವರು ಬಚ್ಚಲಲ್ಲಿ ಗಂಟಲಿಗೆ ಬೆರಳು ಹಾಕಿಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಫೋನು. ಅವರಿಗೆ ಏನೂ ಆಗಲಿಲ್ಲ. ನನಗಾದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮರ ತೆಗೆಸಬೇಕೆಂದು ತೀರ್ಮಾನವಾಯಿತು. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಅಂಗಳದ ಮರವಾದರೂ ಅರ್ಜಿ ಹಾಕದೆ ಕಡಿಯುವಂತಿಲ್ಲ. ಅರ್ಜಿಯಲ್ಲಿ ಕಾರಣಗಳನ್ನು ತಹಸೀಲ್ದಾರರೇ ಹೇಳಿ ಬರೆಸಿದರು. ಒಂದೂವರೆ ಪುಟವಾಯಿತು.

ಆ ದಿನಗಳಲ್ಲೇ ಇನ್ನೊಂದು ರಗಳೆ ನಡೆದಿತ್ತು. ನನ್ನ ಬಿಳಿ ಅಂಗಿಗಳ ಬೆನ್ನಿನ ಮೇಲೆ ಹಳದಿ ಚುಕ್ಕೆ. ವಾಷಿಂಗ್ ಮೆಷಿನ್ನಿನವನನ್ನು ಎರಡು ಸಲ ಕರೆಸಿ ಜಗಳವಾಡಿದೆ. ಸೋಪಿನ ಪುಡಿ ಬದಲಾಯಿಸಿದೆ. ಬೆವರೇ ಹಳದಿಯಾಗಿದೆಯೇನೋ ಎಂಬ ಭಯಕ್ಕೆ ರಕ್ತ ಪರೀಕ್ಷೆಯನ್ನೂ ಮಾಡಿಸಿ, ಕಾಮಾಲೆ ಇಲ್ಲವೆಂದು ಬರೆಸಿಕೊಂಡು ಬಂದಿದ್ದೆ.

ಸೋಮವಾರ ಬೆಳಿಗ್ಗೆ ಅರ್ಜಿ ಹಿಡಿದು, ಇಸ್ತ್ರಿ ಅಂಗಿ ತೊಟ್ಟು, ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಬೋಳುತಲೆಯ ನಟ್ಟನಡುವೆ ತಣ್ಣಗೆ ಚಿರ್ರೆಂದಿತು. ಮೇಲೆ ನೋಡಿದೆ, ಸೋರುವುದಕ್ಕೆ ಸೂರಿಲ್ಲ. ಹಿಂದೆ ತಿರುಗಿದೆ. ಕಿಟಕಿಯಲ್ಲಿ ಎಂಬತ್ತೆರಡರ ಅಮ್ಮ, ಕಣ್ಣು ಮುಚ್ಚಿ, ಕೈಯನ್ನು ಜಪದ ಚೀಲದೊಳಗೆ ಇಟ್ಟು ಕೂತಿದ್ದಾಳೆ. ತುಟಿ ಅಲುಗುತ್ತಿದೆ.

ಹತ್ತಿರ ಹೋಗಿ ಚೀಲ ಕಸಿದೆ. ಮಣಿಸರದ ಅಡಿಯಲ್ಲಿ ಏಳೆಂಟು ಮೊಗ್ಗು, ಎಲ್ಲದರ ತುದಿಯೂ ಹದವಾಗಿ ಚಿವುಟಿದ್ದು.

"ಹಾಲು ಕದಿಯೋಕೆ ಬರೋ ಬೆಕ್ಕಿಗೆ ಅಂತ ಇಟ್ಕೊಂಡಿದ್ದೆ ಕಣೋ" ಅಂದಳು. "ನಿನ್ನ ತಲೆಗೆ ಗುರಿ ಇಟ್ಟು ಅಭ್ಯಾಸ ಮಾಡ್ಕೋತಿದ್ದೆ. ಕೆಳಗಿನ ಕೊಂಬೆದೆಲ್ಲ ಖಾಲಿಯಾಯ್ತು. ಆ ಕಾಗದ ಅಲ್ಲಿಡು, ಏಣಿ ತಗೊಂಡು ಬಾ."